ಮಿದುಳಿನ ಕೆಂಪು ಚುಕ್ಕೆ ಮತ್ತು 1868ರ ಕಳೆಯುವ ಲೆಕ್ಕ

ಬೆಂಗಳೂರಿನ ಬಡಾವಣೆಗಳಲ್ಲಿ 'ಮಿಡ್‌ಬ್ರೈನ್ ಆಕ್ಟಿವೇಷನ್' ತರಗತಿಗಳ ಕರಪತ್ರ ನೋಡಿರುತ್ತೀರಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುವ ಮಗು, ಪಕ್ಕದಲ್ಲಿ ಕೆಂಪು ಚುಕ್ಕೆ ಹೊಳೆಯುವ ಮಿದುಳು. ಮಲಗಿರುವ ಮಿದುಳನ್ನು ಎಬ್ಬಿಸುತ್ತೇವೆ ಎಂಬ ಭರವಸೆ ಬೇರೆ. ಇದು ಹಸಿ ಸುಳ್ಳು. ನಡುಮಿದುಳು, ಅಂದರೆ ಮಿಡ್‌ಬ್ರೈನ್, ಕೆಲಸ ನಿಲ್ಲಿಸಿದ್ದರೆ ಆ ಮಗು ಎಚ್ಚರವಾಗಿಯೇ ಇರುತ್ತಿರಲಿಲ್ಲ. ಅಪ್ಪ ಅಮ್ಮಂದಿರು ಇದಕ್ಕೆ ದುಡ್ಡು ಸುರಿಯುವುದನ್ನು ಕಂಡರೆ ಸಂಕಟವಾಗುತ್ತದೆ.

ಅಂಥ ಕೆಂಪು ಚುಕ್ಕೆ ನಿಜವಾಗಿ ಏನು ಹೇಳುತ್ತದೆ? ಅದಕ್ಕೆ ಹಳೆಯ ಮನೋವಿಜ್ಞಾನದ ಹತ್ತಿರ ಹೋಗಬೇಕು.

ಗಾಳಿಗಿಂತ ವೇಗ ಮನಸ್ಸು ಎಂದು ಧರ್ಮರಾಯ ಯಕ್ಷನಿಗೆ ಉತ್ತರ ಕೊಟ್ಟನಲ್ಲ, ಯುರೋಪಿನ ಪಂಡಿತರೂ ಹೆಚ್ಚುಕಡಿಮೆ ಹಾಗೇ ನಂಬಿದ್ದರು. 1850ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂದೇಶ ಓಡುವ ವೇಗ ಅಳೆದರು. ಸೆಕೆಂಡಿಗೆ ಸುಮಾರು 30 ಮೀಟರ್ ಬಂತು! ಜೋರು ಚಂಡಮಾರುತದ ಗಾಳಿ ಅದನ್ನು ಹಿಂದೆ ಹಾಕಬಲ್ಲದು.

ಆದರೆ ಅದು ನರದ ವೇಗ. ಯೋಚನೆಗೆ ಎಷ್ಟು ಹೊತ್ತು ಬೇಕು? ನೆದರ್ಲೆಂಡ್ಸ್‌ನ ಕಣ್ಣಿನ ವೈದ್ಯ ಡೊಂಡರ್ಸ್‌ಗೆ ಒಂದು ಅದ್ಭುತ ಉಪಾಯ ಹೊಳೆಯಿತು. ಪಾದಕ್ಕೆ ಸಣ್ಣ ವಿದ್ಯುತ್ ಶಾಕ್ ಕೊಡುವುದು, ಅದೇ ಬದಿಯ ಕೈಯಿಂದ ಉತ್ತರಿಸುವುದು. ಯಾವ ಪಾದಕ್ಕೆ ಎಂದು ಮೊದಲೇ ಗೊತ್ತಿದ್ದರೆ ಕೈ ಬೇಗ ಆಡುತ್ತದೆ. ಗೊತ್ತಿಲ್ಲದಿದ್ದರೆ ಸೆಕೆಂಡಿನ ಹದಿನೈದನೇ ಒಂದು ಭಾಗ ತಡ. ಎರಡರಲ್ಲೂ ನರ ಅದೇ, ಕೈಯೂ ಅದೇ. ಹಾಗಾದರೆ ಆ ತಡ ಬಂದದ್ದು ಎಡವೋ ಬಲವೋ ಎಂದು ತೀರ್ಮಾನಿಸುವ ಕೆಲಸದಿಂದ ತಾನೇ? ಕೆ.ಆರ್. ಮಾರ್ಕೆಟ್‌ನಲ್ಲಿ ಬುಟ್ಟಿ ಸಮೇತ ಹೂವು ತೂಗಿ, ಆಮೇಲೆ ಬುಟ್ಟಿಯ ತೂಕ ಕಳೆಯುತ್ತಾರಲ್ವಾ, ಹಾಗೆ. ಡೊಂಡರ್ಸ್ ಇದನ್ನು ಪ್ರಕಟಿಸಿದ್ದು 1868ರಲ್ಲಿ.

ಮುಂದೆ 1879ರಲ್ಲಿ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನೋವಿಜ್ಞಾನದ ಪ್ರಯೋಗಾಲಯ ತೆರೆದರು. ಅಲ್ಲಿ ಕಲಿತ ಸ್ಪಿಯರ್‌ಮನ್ ಲಂಡನ್‌ನಲ್ಲಿ ಪಾಠ ಹೇಳಿದರು. ಅವರ ಶಿಷ್ಯ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ ಕಟ್ಟಿದರು. 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ಶುರು ಮಾಡಿದವರೂ ಅವರೇ.

ಈಗ ಚುಕ್ಕೆಗೆ ಬರೋಣ. ಮಿದುಳಿನಲ್ಲಿ ಹೆಚ್ಚು ದುಡಿಯುವ ಜಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ. 1988ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸಂಶೋಧಕರು ಆ ಹರಿವನ್ನು ಅಳೆದರು. ಮೊದಲು ಪದ ಸುಮ್ನೆ ನೋಡುವುದು, ಆಮೇಲೆ ಓದಿ ಹೇಳುವುದು, ಕೊನೆಗೆ ಆ ಪದಕ್ಕೆ ಹೊಂದುವ ಕ್ರಿಯಾಪದ ಹುಡುಕುವುದು. ಪ್ರತಿ ಮೆಟ್ಟಿಲಲ್ಲೂ ಹಿಂದಿನದನ್ನು ಕಳೆದರು. ಡೊಂಡರ್ಸ್ ಕಳೆದದ್ದು ಸಮಯ, ಇವರು ಕಳೆದದ್ದು ರಕ್ತದ ಹರಿವು. ಮಿದುಳಿನ ದುಡಿಮೆ ತೋರಿಸುವ ಇಂದಿನ ಎಫ್‌ಎಂಆರ್‌ಐ ಸ್ಕ್ಯಾನ್ ಚಿತ್ರಗಳಲ್ಲೂ ಬಹಳಷ್ಟು ಹೀಗೇ ತಯಾರಾಗುತ್ತವೆ. ಕಳೆದ ಮೇಲೂ ಹೆಚ್ಚಳ ಉಳಿದ ಜಾಗಕ್ಕೆ ಬಣ್ಣ ಹಚ್ಚುತ್ತಾರೆ, ಅದೇ ಕೆಂಪು ಚುಕ್ಕೆ. ಬಣ್ಣವಿಲ್ಲದ ಜಾಗವೂ ಚೆನ್ನಾಗಿಯೇ ದುಡಿಯುತ್ತಿರುತ್ತದೆ. ಎರಡೂ ಕೆಲಸಗಳಲ್ಲಿ ಅದರ ದುಡಿಮೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಲೆಕ್ಕದಲ್ಲಿ ಹೊಡೆದುಹೋಗಿರುತ್ತದೆ, ಅಷ್ಟೇ. ಮೈತೂಕದ ನೂರಕ್ಕೆ 2ರಷ್ಟಿರುವ ಮಿದುಳು, ಮೈ ಖರ್ಚು ಮಾಡುವ ಶಕ್ತಿಯಲ್ಲಿ ನೂರಕ್ಕೆ 20ರಷ್ಟನ್ನು ನುಂಗುತ್ತದೆ. ಮಲಗಿದ್ದರೆ ಇಷ್ಟು ಯಾಕೆ ಬೇಕು?

ಈ ಲೆಕ್ಕದಲ್ಲಿ ದೋಷವೂ ಇದೆ. ವುಂಟ್ ಶಿಷ್ಯ ಕ್ಯುಲ್ಪೆ ಆಗಲೇ ಆಕ್ಷೇಪಿಸಿದ್ದರು: ಹೊಸ ಕೆಲಸ ಸೇರಿದರೆ ಹಳೆಯ ಕೆಲಸ ನಡೆಯುವ ರೀತಿಯೇ ಬದಲಾಗಬಹುದು. ಇಂದಿನ ಸಂಶೋಧಕರನ್ನೂ ಆ ಪ್ರಶ್ನೆ ಬಿಟ್ಟಿಲ್ಲ. ಯಾವುದರಿಂದ ಯಾವುದನ್ನು ಕಳೆಯಬೇಕು ಎಂಬುದರ ಮೇಲೇ ಫಲಿತಾಂಶ ನಿಲ್ಲುತ್ತದೆ. ಸುಮ್ಮನೆ ಮಲಗಿದ್ದಾಗಿನ ಹರಿವನ್ನು ಕಳೆದಾಗ ಕೆಲವು ಜಾಗಗಳಲ್ಲಿ ಉತ್ತರ ಸೊನ್ನೆಗಿಂತ ಕೆಳಗೆ ಬಂತು. ಕೆಲಸ ಶುರುವಾದ ಕೂಡಲೇ ಅವು ತಣ್ಣಗಾಗುತ್ತಿದ್ದವು. 2001ರಲ್ಲಿ ಮಿದುಳು ಸಂಶೋಧಕ ರೈಕಲ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು: ನಾವು ಏನೂ ಮಾಡದೆ ಕೂತಾಗಲೇ ಆ ಭಾಗಗಳು ಜಾಸ್ತಿ ದುಡಿಯುತ್ತವೆ.