ಊರ ಬ್ಯಾಂಡಿನ ಹೊಸ ಸೀಸನ್: ವಾದ್ಯ ಬಿಟ್ಟು 20 ವರ್ಷವಾದವರಿಗೂ ಜಾಗವಿದೆಯೇ?

ಓದುಗರ ಪ್ರಶ್ನೆ: ನಾವಿರುವ ಅಮೆರಿಕದ ಊರಿನಲ್ಲಿ ಒಂದು ಕಮ್ಯುನಿಟಿ ಕನ್ಸರ್ಟ್ ಬ್ಯಾಂಡ್ ಇದೆ. ಸೆಪ್ಟೆಂಬರಿನಲ್ಲಿ ಅವರ ಹೊಸ ಸೀಸನ್ ಆರಂಭವಾಗಲಿದ್ದು, ವಾದಕರು ಬೇಕಾಗಿದ್ದಾರೆ ಎಂಬ ಚೀಟಿಯನ್ನು ಗ್ರಂಥಾಲಯದ ಫಲಕದಲ್ಲಿ ನೋಡಿದೆ. ಶಾಲೆಯಲ್ಲಿದ್ದಾಗ ಕ್ಲಾರಿನೆಟ್ ಕಲಿತಿದ್ದೆ. ಬಿಟ್ಟು 20 ವರ್ಷಗಳಾದವು. ಇಂಥ ಬ್ಯಾಂಡಿನಲ್ಲಿ ವರ್ಷವಿಡೀ ಏನು ನಡೆಯುತ್ತದೆ? ನನ್ನಂಥವರಿಗೆ ಅಲ್ಲಿ ಜಾಗವಿದೆಯೇ?

ಉತ್ತರ: ಜಾಗವಿದೆ. ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ) ಓದಲು ಬರಬೇಕು, ವಾರಕ್ಕೊಂದು ಸಂಜೆಯನ್ನು ತಪ್ಪದೆ ಕೊಡಬೇಕು. ಈ ಎರಡೂ ನಿಮ್ಮಿಂದಾದರೆ ನಡುವೆ ಕಳೆದುಹೋದ 20 ವರ್ಷಗಳು ದೊಡ್ಡ ಅಡ್ಡಿಯಾಗಲಾರವು. ಎರಡರಲ್ಲಿ ಹೆಚ್ಚು ತೂಕವಿರುವುದು ಎರಡನೆಯದಕ್ಕೆ. ಬಹಳ ಚೆನ್ನಾಗಿ ನುಡಿಸಬಲ್ಲವರಾಗಿದ್ದರೂ ಮೂರು ವಾರಕ್ಕೊಮ್ಮೆ ಮುಖ ತೋರಿಸುವವರಿಗಿಂತ, ಸಾಧಾರಣವಾಗಿ ನುಡಿಸುತ್ತ ಪ್ರತಿ ವಾರವೂ ಬಂದು ತಮ್ಮ ಕುರ್ಚಿಯಲ್ಲಿ ಕೂರುವವರೇ ಇಂಥ ಬ್ಯಾಂಡಿಗೆ ಆಧಾರ. ಏಕೆಂಬುದು ಒಂದು ಸೀಸನ್ ಹೇಗೆ ಸಾಗುತ್ತದೆ ಎಂಬುದನ್ನು ನೋಡಿದರೆ ತಿಳಿಯುತ್ತದೆ.

ಮೊದಲು ಹೆಸರಿನ ಬಗ್ಗೆ ಒಂದು ಮಾತು. ಬ್ಯಾಂಡ್ ಎಂದೊಡನೆ ನಮ್ಮ ಕಡೆಯವರಿಗೆ ಮದುವೆ ದಿಬ್ಬಣದ ಮುಂದೆ ಸಾಗುವ ಬ್ಯಾಂಡ್‌ಸೆಟ್ಟೋ ಮೈಸೂರು ದಸರೆಯ ಪೊಲೀಸ್ ಬ್ಯಾಂಡೋ ನೆನಪಾಗುತ್ತದೆ. ಕನ್ಸರ್ಟ್ ಬ್ಯಾಂಡಿನವರು ವೇದಿಕೆಯ ಮೇಲೆ ಅರ್ಧಚಂದ್ರಾಕಾರದ ಸಾಲುಗಳಲ್ಲಿ ಕುಳಿತು ನುಡಿಸುತ್ತಾರೆ. ಪಿಟೀಲು, ವಿಯೋಲಾ, ಚೆಲ್ಲೋಗಳು ಅಲ್ಲಿರುವುದಿಲ್ಲ. ತಂತಿವಾದ್ಯವೆಂದು ಇದ್ದರೆ ಒಂದು ಡಬಲ್ ಬೇಸ್ ಇರಬಹುದು, ಅಷ್ಟೆ. ಕೊಳಲು, ಓಬೋ, ಬಸೂನ್, ಕ್ಲಾರಿನೆಟ್, ಸ್ಯಾಕ್ಸೋಫೋನ್, ಟ್ರಂಪೆಟ್, ಫ್ರೆಂಚ್ ಹಾರ್ನ್, ಟ್ರಾಂಬೋನ್, ಯುಫೋನಿಯಂ, ಟ್ಯೂಬಾ ಹೀಗೆ ಉಳಿದವೆಲ್ಲ ಉಸಿರಿನಿಂದ ನುಡಿಯುವ ಸುಷಿರ ವಾದ್ಯಗಳು. ಹಿಂದಿನ ಸಾಲಿನಲ್ಲಿ ಟಿಂಪನಿ, ಡ್ರಮ್ಮು, ತಾಳ, ಜೈಲೋಫೋನ್ ಮುಂತಾದವು. ಆರ್ಕೆಸ್ಟ್ರಾದಲ್ಲಿ ಪಿಟೀಲುಗಳ ಗುಂಪು ಹೊರುವ ಭಾರವನ್ನು ಇಲ್ಲಿ ಕ್ಲಾರಿನೆಟ್ಟುಗಳ ಗುಂಪು ಹೊರುತ್ತದೆ. ಹೀಗಾಗಿ ಒಂದು ಬ್ಯಾಂಡಿಗೆ ಒಬ್ಬಿಬ್ಬರು ಓಬೋ ವಾದಕರು ಸಾಕಾದರೆ, ಕ್ಲಾರಿನೆಟ್ಟಿಗೆ ಹತ್ತು ಹನ್ನೆರಡು ಮಂದಿಯಾದರೂ ಬೇಕಾಗುತ್ತಾರೆ. ನೀವು ಕಲಿತದ್ದು ಕ್ಲಾರಿನೆಟ್ ಎಂಬುದು ನಿಮಗೆ ಅನುಕೂಲವೇ ಆಯಿತು.

ಕಮ್ಯುನಿಟಿ ಬ್ಯಾಂಡ್ ಎಂದರೆ ಸಂಭಾವನೆಯ ಆಸೆಯಿಲ್ಲದೆ ನುಡಿಸುವ ಊರಿನ ಜನರ ಬ್ಯಾಂಡ್. ಶಾಲಾ ಶಿಕ್ಷಕರು, ದಾದಿಯರು, ಎಂಜಿನಿಯರುಗಳು, ನಿವೃತ್ತರು, ಕಾಲೇಜು ಹುಡುಗರು ಒಂದೇ ಸಾಲಿನಲ್ಲಿ ಕೂರುತ್ತಾರೆ. ಇದು ಇತ್ತೀಚಿನ ಹವ್ಯಾಸವೇನಲ್ಲ. ಅಮೆರಿಕದ ಅತ್ಯಂತ ಹಳೆಯ ನಾಗರಿಕ ಕನ್ಸರ್ಟ್ ಬ್ಯಾಂಡೆಂದು ಹೆಸರಾದ ಪೆನ್ಸಿಲ್ವೇನಿಯಾದ ಅಲೆನ್‌ಟೌನ್ ಬ್ಯಾಂಡ್ 1828ರಿಂದ ನಡೆದುಬಂದಿದೆ. ಅದೇ ರಾಜ್ಯದ ರೆಡಿಂಗ್ ನಗರದ ರಿಂಗ್‌ಗೋಲ್ಡ್ ಬ್ಯಾಂಡ್ 1852ರದು. ಅಯೋವಾ ರಾಜ್ಯದಲ್ಲಂತೂ 1921ರಲ್ಲಿ ಒಂದು ಕಾನೂನನ್ನೇ ಮಾಡಿ, ಊರಿನ ಮತದಾರರು ಒಪ್ಪಿದರೆ ಬ್ಯಾಂಡಿನ ಖರ್ಚಿಗೆಂದು ತೆರಿಗೆ ಹಾಕುವ ಅಧಿಕಾರವನ್ನು ಊರುಗಳಿಗೆ ಕೊಟ್ಟರು. ರಸ್ತೆಗೆ, ನೀರಿಗೆ ತೆರಿಗೆ ಕಟ್ಟುವಂತೆ ಸಂಗೀತಕ್ಕೂ ಕಟ್ಟೋಣವೆಂದು ಸಣ್ಣ ಸಣ್ಣ ಊರುಗಳ ರೈತರು ಒಪ್ಪಿದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ರಿಂಗ್‌ಗೋಲ್ಡ್ ಬ್ಯಾಂಡಿನ ಹೆಸರು ಬಂದದ್ದರಿಂದ ಜಾನ್ ಫಿಲಿಪ್ ಸೂಸಾ ಅವರ ಕೊನೆಯ ಸಂಜೆಯನ್ನು ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಮೆರೀನ್ ಬ್ಯಾಂಡನ್ನು 1880ರಿಂದ 1892ರವರೆಗೆ ಮುನ್ನಡೆಸಿ, ಅನಂತರ ಸ್ವಂತ ಬ್ಯಾಂಡ್ ಕಟ್ಟಿಕೊಂಡು ಜಗತ್ತನ್ನೇ ಸುತ್ತಿಬಂದ ಅವರು, 1932ರ ಮಾರ್ಚ್‌ನಲ್ಲಿ ತಮ್ಮ 77ನೇ ವಯಸ್ಸಿನಲ್ಲಿ ರಿಂಗ್‌ಗೋಲ್ಡ್ ಬ್ಯಾಂಡಿನ 80ನೇ ವರ್ಷದ ಕಛೇರಿಗೆ ಅತಿಥಿಯಾಗಿ ರೆಡಿಂಗ್‌ಗೆ ಬಂದಿದ್ದರು. ಮಾರ್ಚ್ 5ರಂದು ಆ ಬ್ಯಾಂಡಿನೊಂದಿಗೆ ತಾಲೀಮು ನಡೆಸಿದರು; ಅದರಲ್ಲಿ ಕೊನೆಯದಾಗಿ ನುಡಿಸಿದ್ದು 1896ರಲ್ಲಿ ತಾವೇ ರಚಿಸಿದ್ದ ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್’ ಎಂಬ ಮಾರ್ಚ್, ಅಂದರೆ ಕವಾಯತಿನ ನಡಿಗೆಯ ಲಯದ ಕೃತಿ. ಆ ರಾತ್ರಿ ಕಳೆದು ಬೆಳಗಾಗುವ ಮುನ್ನ, ತಂಗಿದ್ದ ಹೋಟೆಲಿನಲ್ಲಿಯೇ ತೀರಿಕೊಂಡರು. ಅಷ್ಟು ದೊಡ್ಡ ಸಂಗೀತಗಾರರೊಬ್ಬರು ಕಟ್ಟಕಡೆಯದಾಗಿ ಕೈಯೆತ್ತಿ ತಾಳ ಕೊಟ್ಟದ್ದು ಊರ ಬ್ಯಾಂಡೊಂದರ ತಾಲೀಮಿನಲ್ಲಿ ಎಂಬುದನ್ನು ನೆನೆದಾಗಲೆಲ್ಲ, ವಾರದ ತಾಲೀಮನ್ನು ಕಛೇರಿಗಿಂತ ಕಡಿಮೆಯದೆಂದು ಭಾವಿಸಲು ನನ್ನಿಂದಾಗುವುದಿಲ್ಲ.

ಇಷ್ಟೊಂದು ವಾದಕರು ಎಲ್ಲಿಂದ ಬರುತ್ತಾರೆ ಎಂಬ ಸಹಜ ಸಂಶಯಕ್ಕೆ ಉತ್ತರ ಶಾಲೆಗಳಲ್ಲಿದೆ. ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಸಾಮಾನ್ಯವಾಗಿ ಐದನೆಯ ಅಥವಾ ಆರನೆಯ ತರಗತಿಯಿಂದ ಬ್ಯಾಂಡ್ ಕಲಿಕೆ ಇರುತ್ತದೆ, ಅದೂ ಗಣಿತ, ವಿಜ್ಞಾನಗಳಂತೆ ಶಾಲೆಯ ಅವಧಿಯಲ್ಲಿಯೇ. ಹೈಸ್ಕೂಲು ಮುಗಿದ ಮೇಲೆ ಬಹುಪಾಲು ಜನರ ವಾದ್ಯ ಅಟ್ಟ ಸೇರುತ್ತದೆ. ಕೆಲಸ, ಮದುವೆ, ಮಕ್ಕಳು ಎಂದು ವರ್ಷಗಳು ಉರುಳಿ, ಮಕ್ಕಳು ದೊಡ್ಡವರಾದ ಮೇಲೆ ಅದು ಮತ್ತೆ ಕೆಳಗಿಳಿಯುತ್ತದೆ. ಆದ್ದರಿಂದ ಮೊದಲ ದಿನ ನಿಮ್ಮ ಪಕ್ಕದ ಕುರ್ಚಿಯಲ್ಲಿರುವವರು 25 ವರ್ಷ ಬಿಟ್ಟು ಬಂದವರಾಗಿದ್ದರೆ ಆಶ್ಚರ್ಯಪಡಬೇಡಿ.

ಈಗ ಸೀಸನ್. ಹೆಚ್ಚಿನ ಊರುಗಳಲ್ಲಿ ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕರ ದಿನದ ರಜೆ ಕಳೆದ ಮೇಲೆ ತಾಲೀಮು ಶುರುವಾಗುತ್ತದೆ. ವಾರದ ಒಂದು ಗೊತ್ತಾದ ಸಂಜೆ, ಸುಮಾರು ಎರಡು ಗಂಟೆ, ಸಾಮಾನ್ಯವಾಗಿ ಯಾವುದಾದರೂ ಹೈಸ್ಕೂಲಿನ ಬ್ಯಾಂಡ್ ಕೋಣೆಯಲ್ಲಿ. ಮೊದಲ ದಿನ ನಿಮ್ಮ ಸ್ಟ್ಯಾಂಡಿನ ಮೇಲೆ ಒಂದು ಫೋಲ್ಡರ್ ಇರುತ್ತದೆ. ಅದರೊಳಗೆ ಆ ಕಛೇರಿಗೆ ಗೊತ್ತುಮಾಡಿದ ಏಳೆಂಟು ಕೃತಿಗಳ ಹಾಳೆಗಳು, ಅದೂ ನಿಮ್ಮ ವಾದ್ಯದ ಪಾಲು ಮಾತ್ರ. ಬ್ಯಾಂಡ್ ಮಾಸ್ಟರ್ ಕೋಲು ಎತ್ತುತ್ತಾರೆ, ಎಲ್ಲರೂ ಕಂಡದ್ದನ್ನು ಕಂಡಂತೆ ನುಡಿಸಿಕೊಂಡು ಹೋಗುತ್ತಾರೆ. ಆ ಸಂಜೆ ಎಲ್ಲರೂ ಎಡವುತ್ತಾರೆ, ದಾರಿ ತಪ್ಪಿದವರು ಮುಂದಿನ ಗುರುತಿನಲ್ಲಿ ಬಂದು ಕೂಡಿಕೊಳ್ಳುತ್ತಾರೆ. ಅದಕ್ಕೆ ಯಾರೂ ತಿರುಗಿ ನೋಡುವುದಿಲ್ಲ. ಎರಡನೆಯ ವಾರದಿಂದ ನಿಜವಾದ ಕೆಲಸ: ಟ್ರಾಂಬೋನಿನವರು ಮಾತ್ರ ನುಡಿಸಿ, ಈಗ ಮೂರನೆಯ ಕ್ಲಾರಿನೆಟ್ (ಕೆಳಗಿನ ಸ್ವರಗಳ ಪಾಲಿನವರು) ಅವರ ಜೊತೆ ಸೇರಿ, ಇಲ್ಲಿ ಉಸಿರು ತೆಗೆದುಕೊಳ್ಳಬೇಡಿ, ಆ ಸ್ವರ ಸ್ವಲ್ಪ ಇಳಿದಿದೆ. ಸಂಗೀತದ ಹಾಳೆಯಲ್ಲಿಲ್ಲದ ಇಂಥ ನೂರು ನಿರ್ಧಾರಗಳು ತಾಲೀಮಿನ ಕೋಣೆಯಲ್ಲಿ ಒಂದೊಂದಾಗಿ ಆಗುತ್ತವೆ. ಆ ದಿನ ಬಾರದವರಿಗೆ ಅವು ಗೊತ್ತಾಗುವುದೇ ಇಲ್ಲ. ಹಾಜರಾತಿಗೆ ಅಷ್ಟು ಬೆಲೆ ಕೊಡುವುದು ಇದಕ್ಕಾಗಿ.

ಒಂದು ಉದಾಹರಣೆ ನೋಡಿ. ಇಂಗ್ಲೆಂಡಿನ ಗುಸ್ತಾವ್ ಹೋಲ್ಸ್ಟ್ ಅವರು 1909ರಲ್ಲಿ ಬರೆದ ‘ಫಸ್ಟ್ ಸ್ವೀಟ್ ಇನ್ ಇ ಫ್ಲ್ಯಾಟ್’ ಎಂಬ ಕೃತಿ ಇಲ್ಲಿನ ಅನೇಕ ಬ್ಯಾಂಡುಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳನ್ನು ತಾವೇ ಅನುವಾದಿಸಿ ಸಂಗೀತಕ್ಕೆ ಅಳವಡಿಸಿದ ಹೋಲ್ಸ್ಟ್ ಇವರೇ. ಸ್ವತಃ ಟ್ರಾಂಬೋನ್ ವಾದಕರಾಗಿದ್ದ ಅವರಿಗೆ ಊದುವ ವಾದ್ಯಗಳ ಮರ್ಮ ಗೊತ್ತಿತ್ತು. ಕೃತಿಯ ಮೊದಲ ಭಾಗದಲ್ಲಿ ಟ್ಯೂಬಾ ಮತ್ತು ಯುಫೋನಿಯಂಗಳು ಎಂಟು ಬಾರ್‌ಗಳ (ನಮ್ಮ ತಾಳದ ಆವರ್ತದಂಥ ಅಳತೆ) ಒಂದು ರಾಗಸಾಲನ್ನು ತಗ್ಗಿನ ದನಿಯಲ್ಲಿ ನುಡಿಸುತ್ತವೆ. ಆ ಸಾಲು ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟುತ್ತ ಮತ್ತೆ ಮತ್ತೆ ಸುತ್ತಿ ಬರುತ್ತಿದ್ದಂತೆ ಉಳಿದ ವಾದ್ಯಗಳು ಅದರ ಸುತ್ತ ಬೇರೆ ಬೇರೆ ವಿನ್ಯಾಸಗಳನ್ನು ಹೆಣೆಯುತ್ತವೆ. ತಬಲಾ ಸೋಲೊದಲ್ಲಿ ಹಾರ್ಮೋನಿಯಂ ಲೆಹರಾ (ಮತ್ತೆ ಮತ್ತೆ ಸುತ್ತಿ ಬರುವ ಒಂದೇ ರಾಗಸಾಲು) ಹಿಡಿದು ಕೂರುವುದನ್ನು ಕೇಳಿದವರಿಗೆ ಇದರ ಕಟ್ಟಡ ಕೂಡಲೇ ಹಿಡಿದೀತು. ನಡುವೆ ಒಂದೆಡೆ ಅದೇ ಸಾಲು ತಲೆಕೆಳಗಾಗಿ, ಏರುವ ಕಡೆ ಇಳಿದು ಇಳಿಯುವ ಕಡೆ ಏರಿ ಬರುತ್ತದೆ. ಮನೆಯಲ್ಲಿ ಒಬ್ಬರೇ ಕುಳಿತು ಮೂರನೆಯ ಕ್ಲಾರಿನೆಟ್ಟಿನ ಪಾಲನ್ನು ನುಡಿಸಿದರೆ ಇದಾವುದೂ ಕೇಳಿಸುವುದಿಲ್ಲ; ಅಲ್ಲಿರುವುದು ಬಿಡಿ ಸ್ವರಗಳು, ಎಣಿಸಬೇಕಾದ ವಿರಾಮಗಳು. ತಾಲೀಮಿನಲ್ಲಿ ಟ್ಯೂಬಾದ ಮೇಲೆ ನಿಮ್ಮ ಸ್ವರ ಕುಳಿತಾಗ ಮಾತ್ರ ಅದು ಏಕೆ ಅಲ್ಲಿದೆ ಎಂದು ತಿಳಿಯುತ್ತದೆ. ನಾನು ಮೂರನೆಯ ಕ್ಲಾರಿನೆಟ್ಟನ್ನೇ ನುಡಿಸುವವನು, ಆ ಕ್ಷಣಕ್ಕಾಗಿಯೇ ಪ್ರತಿ ವಾರ ಹೋಗುತ್ತೇನೆ.

ಹೀಗೆ ಆರೆಂಟು ವಾರಗಳ ತಾಲೀಮಿನ ಮೇಲೆ ಅಕ್ಟೋಬರ್ ಕೊನೆಗೋ ನವೆಂಬರಿನಲ್ಲೋ ಮೊದಲ ಕಛೇರಿ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಕಾಲದ ಹಗುರ ಕಛೇರಿ. ಮಕ್ಕಳು ತುಂಬಿರುತ್ತಾರೆ, ಸಭೆಯೂ ಹಾಡುತ್ತದೆ. ಜನವರಿಯಿಂದ ಮತ್ತೆ ತಾಲೀಮು, ವಸಂತದಲ್ಲಿ ವರ್ಷದ ಅತಿ ಗಟ್ಟಿಯಾದ ಕಛೇರಿ. ಬ್ಯಾಂಡ್ ಸಂಗೀತವನ್ನು ಕಷ್ಟಕ್ಕೆ ತಕ್ಕಂತೆ 1ರಿಂದ 6ರವರೆಗೆ ಶ್ರೇಣಿ ಮಾಡುವ ರೂಢಿಯಿದೆ. ಸಾಧಾರಣ ಊರ ಬ್ಯಾಂಡುಗಳು 3 ಮತ್ತು 4ರ ಸುತ್ತ ಇರುತ್ತವೆ, ವಸಂತದ ಕಛೇರಿಯಲ್ಲಿ 5ಕ್ಕೆ ಕೈಚಾಚುವುದುಂಟು. ನೀವು ಸೇರಲಿರುವ ಬ್ಯಾಂಡ್ ಯಾವ ಶ್ರೇಣಿಯದನ್ನು ನುಡಿಸುತ್ತದೆಂದು ಮೊದಲೇ ಕೇಳಿಕೊಳ್ಳಿ, ನಿಮಗೆ ಹೊಂದುವುದೋ ಇಲ್ಲವೋ ಎಂಬುದು ಅದರಿಂದಲೇ ಅರ್ಧ ತಿಳಿಯುತ್ತದೆ.

ಬೇಸಿಗೆಯಲ್ಲಿ ಬ್ಯಾಂಡ್ ಬಯಲಿಗೆ ಬರುತ್ತದೆ. ಮಡಿದ ಯೋಧರನ್ನು ಸ್ಮರಿಸುವ ಮೇ ತಿಂಗಳ ಕೊನೆಯ ಸೋಮವಾರದಿಂದ ಹಿಡಿದು ಜುಲೈ 4ರ ಸ್ವಾತಂತ್ರ್ಯ ದಿನ ದಾಟುವವರೆಗೆ ಉದ್ಯಾನಗಳಲ್ಲಿ ಉಚಿತ ಕಛೇರಿಗಳು. ಬೆಂಗಳೂರಿನ ಕಬ್ಬನ್ ಪಾರ್ಕಿನ ಬ್ಯಾಂಡ್ ಸ್ಟ್ಯಾಂಡ್ ನೋಡಿದ್ದರೆ, ಇಲ್ಲಿನ ಊರುಗಳ ನಡುವೆ ಅದೇ ಬಗೆಯ ಮಂಟಪಗಳು ಇಂದಿಗೂ ಬಳಕೆಯಲ್ಲಿವೆ ಎಂದು ಊಹಿಸಿಕೊಳ್ಳಿ. ಜನ ಮಡಿಸುವ ಕುರ್ಚಿ, ಕಂಬಳಿ, ತಿಂಡಿ ಡಬ್ಬಿ ಹಿಡಿದು ಬರುತ್ತಾರೆ. ಸೇನೆಯ ಪ್ರತಿಯೊಂದು ವಿಭಾಗದ ಗೀತೆಯನ್ನೂ ಪೋಣಿಸಿದ ಒಂದು ಮಾಲಿಕೆಯನ್ನು ಅಲ್ಲಿ ನುಡಿಸುವುದು ರೂಢಿ; ತಮ್ಮ ವಿಭಾಗದ ಗೀತೆ ಬಂದಾಗ ಅದರಲ್ಲಿ ಸೇವೆ ಮಾಡಿದವರು ಎದ್ದು ನಿಲ್ಲುತ್ತಾರೆ. ಕೋಲೂರಿ ಎದ್ದ ಒಬ್ಬ ಮುದುಕರಿಗಾಗಿ ಇಡೀ ಮೈದಾನ ಚಪ್ಪಾಳೆ ತಟ್ಟುವಾಗ, ನುಡಿಸುತ್ತಿರುವವರಿಗೆ ಸ್ವರ ಹಿಡಿದಿಡುವುದೇ ಕಷ್ಟವಾಗುತ್ತದೆ. ಕೊನೆಗೆ ಸೂಸಾ ಅವರ ಅದೇ ಮಾರ್ಚ್. ಪಿಕೊಲೊ ಎಂಬ ಪುಟ್ಟ ಕೊಳಲಿನ ವಾದಕರು ಎದ್ದು ನಿಂತು ತಮ್ಮ ಪಾಲನ್ನು ನುಡಿಸುತ್ತಾರೆ. ಆಗಸ್ಟ್ ಸಾಮಾನ್ಯವಾಗಿ ರಜೆ.

ಇದೇ ಪ್ರಶ್ನೆಯನ್ನು ಕರ್ನಾಟಕ ಸಂಗೀತದಲ್ಲಿ ಸ್ಯಾಕ್ಸೋಫೋನ್ ಕಲಿತ ದಕ್ಷಿಣ ಕನ್ನಡದವರೂ ಕೇಳುವುದುಂಟು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥ್ ಅವರು ಆ ವಾದ್ಯವನ್ನು ನಮ್ಮ ರಾಗಗಳಿಗೆ ಒಗ್ಗಿಸಿದ ಮೇಲೆ, ನಾಗಸ್ವರದ ಮನೆತನಗಳ ಎಷ್ಟೋ ಮಂದಿ ಅದನ್ನು ಕೈಗೆತ್ತಿಕೊಂಡಿದ್ದಾರೆ. ಅವರಿಗೆ ಬೆರಳಿನ ಚಳಕ, ಉಸಿರಿನ ಬಲ ಬೇಕಾದಷ್ಟಿರುತ್ತದೆ. ತೊಡಕಾಗುವುದು ಮೂರು ಕಡೆ. ಕೇಳಿ ಕಲಿತವರಿಗೆ ಐದು ಗೆರೆಗಳ ಮೇಲಿನ ಚುಕ್ಕಿಗಳನ್ನು ನೋಡಿದೊಡನೆ ನುಡಿಸುವ ಅಭ್ಯಾಸವಿರುವುದಿಲ್ಲ. ಆಲ್ಟೊ ಸ್ಯಾಕ್ಸೋಫೋನಿನಲ್ಲಿ ಸಿ ಎಂದು ಓದಿ ನುಡಿಸಿದರೆ ಹೊರಡುವುದು ಇ ಫ್ಲ್ಯಾಟ್; ಶ್ರುತಿಯನ್ನು ತಮಗೆ ಬೇಕಾದಲ್ಲಿ ಇಟ್ಟುಕೊಂಡು ನುಡಿಸಿದವರಿಗೆ ಈ ಲೆಕ್ಕ ಹೊಸದು. ಮೂರನೆಯದು ಗಮಕ. ಇಲ್ಲಿ ಸ್ವರ ಅಲುಗದೆ ನಿಲ್ಲಬೇಕು, ಪಕ್ಕದವರ ಸ್ವರದೊಂದಿಗೆ ಬೆರೆತು ಕಾಣೆಯಾಗಬೇಕು. ಒಂದು ವರ್ಷ ಮೊದಲು ಓದುವುದನ್ನು ಕಲಿತು ಬಂದರೆ ಇವೆಲ್ಲ ಸಾಧ್ಯ, ಆದರೆ ಕಲಿಯದೆ ಬಂದು ಕೂತರೆ ಅವರಿಗೇ ಬೇಸರವಾಗುತ್ತದೆ.

ಇನ್ನು ನೀವು ಮಾಡಬೇಕಾದದ್ದು. ಕೆಲವು ಬ್ಯಾಂಡುಗಳು ಆಡಿಷನ್ ನಡೆಸುತ್ತವೆ, ಹಲವು ನಡೆಸುವುದಿಲ್ಲ. ವಿಚಾರಿಸುವಾಗಲೇ ಮೂರನೆಯ ಕ್ಲಾರಿನೆಟ್ ಸಾಕೆಂದು ಹೇಳಿಬಿಡಿ. ಮೊದಲನೆಯ, ಎರಡನೆಯ, ಮೂರನೆಯ ಎಂಬುದು ದರ್ಜೆಯಲ್ಲ, ಸ್ವರಗಳ ಎತ್ತರ. ಮೂರನೆಯವರಿಗೆ ಬರುವುದು ಹೆಚ್ಚಾಗಿ ಕೆಳಗಿನ ಸ್ವರಗಳು, ಮರಳಿ ಬರುವ ತುಟಿಗೆ ಅವು ಸುಲಭ. ಸದಸ್ಯತ್ವದ ವಂತಿಗೆ ಇದ್ದರೆ ಅದು ಹಾಳೆಗಳ ಖರೀದಿಗೆ, ಸಭಾಂಗಣದ ಬಾಡಿಗೆಗೆ ಹೋಗುತ್ತದೆ. ಕಛೇರಿಗೆ ಸಾಮಾನ್ಯವಾಗಿ ಕಪ್ಪು ಉಡುಪು. ನಿಮ್ಮ ಹಳೆಯ ಕ್ಲಾರಿನೆಟ್ಟಿನ ಪ್ಯಾಡುಗಳೂ ಕಾರ್ಕುಗಳೂ 20 ವರ್ಷಗಳಲ್ಲಿ ಒಣಗಿರುತ್ತವೆ, ಅದನ್ನು ಈಗಲೇ ರಿಪೇರಿ ಅಂಗಡಿಗೆ ಕೊಡಿ. ಮೊದಲ ತಾಲೀಮಿನ ಹಿಂದಿನ ದಿನ ಕೊಟ್ಟರೆ ಕೆಲಸ ಮುಗಿಯದು. ಮೆತ್ತನೆಯ ರೀಡಿನಿಂದ (ಊದುವ ತುದಿಯಲ್ಲಿ ಕಂಪಿಸುವ ತೆಳು ಪಟ್ಟಿ) ಆರಂಭಿಸಿ. ದಿನಕ್ಕೆ ಕಾಲು ಗಂಟೆ, ಒಂದೊಂದೇ ಸ್ವರವನ್ನು ಉಸಿರು ಇರುವಷ್ಟು ಹೊತ್ತು ಹಿಡಿಯಿರಿ. ಬೆರಳುಗಳು ತಾವಾಗಿ ನೆನಪು ಮಾಡಿಕೊಳ್ಳುತ್ತವೆ, ಸೋಲುವುದು ತುಟಿಯ ಸ್ನಾಯುಗಳು, ಅವಕ್ಕೆ ಐದಾರು ವಾರ ಬೇಕು. ಮೊದಲ ಸಂಜೆ ಹದಿನೈದು ನಿಮಿಷ ಮುಂಚೆ ಹೋಗಿ, ಕ್ಲಾರಿನೆಟ್ಟುಗಳ ಕೊನೆಯ ಸಾಲಿನಲ್ಲಿ ಖಾಲಿ ಕುರ್ಚಿ ಯಾವುದೆಂದು ಕೇಳಿ. ಜೊತೆಗೆ ಒಂದು ಪೆನ್ಸಿಲ್ ಒಯ್ಯಿರಿ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಹಾಳೆಯ ಮೇಲೆ ಗುರುತು ಹಾಕಿಕೊಳ್ಳಲು ಅದು ಬೇಕಾಗುತ್ತದೆ.