ಕಸದ ಜೊತೆ ಬ್ಯಾಂಜೊವನ್ನೂ ಗುಡಿಸಬೇಡಿ

ಕ್ಯಾಸೆಟ್ ತುಂಬಿದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಬಂದವರು ಆಡುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ಹಿಂದಿನ ಸದ್ದನ್ನೆಲ್ಲ ತೆಗೆದು ಶುದ್ಧ ಮಾಡಿಕೊಡಿ." ಹನ್ನೆರಡು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಹಳೆಯ ಕ್ಯಾಸೆಟ್ಟು, ರೀಲುಗಳನ್ನು ಡಿಜಿಟಲ್‌ಗೆ ಇಳಿಸುವ ಕೆಲಸ ಮಾಡುತ್ತಿದ್ದೇನೆ. ಕನ್ನಡಿಗರು ತಾಳಮದ್ದಳೆ, ಹರಿಕಥೆ, ಅಜ್ಜಿಯ ಹಾಡುಗಳನ್ನು ತರುತ್ತಾರೆ. ಉಳಿದವರಲ್ಲಿ ಬಹುಪಾಲು ಜನ ತರುವುದು ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಕಛೇರಿಗಳನ್ನು. ಅದು ಸಹಜವೇ. ಆ ತಂಡ 1965ರಲ್ಲಿ ಹುಟ್ಟಿದ್ದು ನನ್ನ ಮನೆಯಿಂದ ಅರ್ಧ ಗಂಟೆ ದೂರದ ಪಾಲೋ ಆಲ್ಟೋದಲ್ಲಿ. ಕೇಳುಗರು ತಾವೇ ಧ್ವನಿಮುದ್ರಿಸಿಕೊಂಡು, ಹಣ ಪಡೆಯದೆ ಪರಸ್ಪರ ಹಂಚಿಕೊಳ್ಳಲು ಅದು ಬಿಟ್ಟಿತ್ತು. 1984ರಿಂದ ಅಂಥವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗವನ್ನೂ ಕೊಟ್ಟಿತ್ತು. ಈ ಊರುಗಳ ಎಷ್ಟೋ ಮನೆಗಳ ಅಟ್ಟದಲ್ಲಿ ಹಾಗೆ ಕೂಡಿದ ಕ್ಯಾಸೆಟ್ಟುಗಳಿವೆ.

ಆ ತಂಡದ ವಿದ್ಯುತ್ ಗಿಟಾರಿನ ಕಛೇರಿಗಳ ಬಗ್ಗೆ ನನ್ನ ತಕರಾರು ಕಡಿಮೆ. ನನ್ನ ತಾಳ್ಮೆ ಕೆಡುವುದು ಅವರ ಮತ್ತು ಅವರ ಬಳಗದವರ ಅಕೌಸ್ಟಿಕ್, ಅಂದರೆ ವಿದ್ಯುತ್ ಜೋಡಿಸದ ವಾದ್ಯಗಳ, ಭಾಗಗಳ ವಿಷಯದಲ್ಲಿ. ಬಿಡಿ ಗಿಟಾರಿನ, ಕೆಲವೊಮ್ಮೆ ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು ಕೂಡಿದ, ಬ್ಲೂಗ್ರಾಸ್ ಎಂಬ ಅಮೆರಿಕದ ಹಳ್ಳಿಗಾಡಿನ ತಂತಿವಾದ್ಯ ಸಂಗೀತದ ಜಾಡಿನದು ಅದು. ಜನ ಶುದ್ಧ ಮಾಡಲು ಅತಿ ಹೆಚ್ಚು ಆಸೆಪಡುವುದು ಅದನ್ನೇ, ಶುದ್ಧ ಮಾಡಿದರೆ ಸಾಯುವುದೂ ಅದೇ.

ಒಂದು ಪ್ರಸಂಗ ಹೇಳುತ್ತೇನೆ. ನಿವೃತ್ತ ಅಂಚೆ ನೌಕರರೊಬ್ಬರು 1980ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ರಂಗಮಂದಿರದಲ್ಲಿ ತಾವೇ ಮುದ್ರಿಸಿಕೊಂಡ ಕ್ಯಾಸೆಟ್ ತಂದರು. ಜೊತೆಗೆ ಒಂದು ಪೆನ್‌ಡ್ರೈವ್ ಇತ್ತು. ಮನೆಯ ಹುಡುಗನೊಬ್ಬ ಅದೇ ಮುದ್ರಣವನ್ನು ಕಂಪ್ಯೂಟರಿಗೆ ಇಳಿಸಿ, ಸಾಫ್ಟ್‌ವೇರ್‌ನಿಂದ ತೊಳೆದು ಕೊಟ್ಟಿದ್ದ. "ಸುಯ್ ಎನ್ನುವುದು ಹೋಯಿತು. ಆದರೆ ಕೇಳಲು ಮನಸ್ಸೇ ಬರುವುದಿಲ್ಲ. ನನ್ನ ಕಿವಿ ಹಳತಾಯಿತೇ?" ಎಂದರು. ಕಿವಿ ಚೆನ್ನಾಗಿಯೇ ಇತ್ತು. ನಾನು ಮಾಡಿದ್ದು ಇಷ್ಟು: ಹುಡುಗ ಇಳಿಸಿದ ಮೂಲ ಕಡತದಿಂದ ತೊಳೆದ ಕಡತವನ್ನು ಕಳೆದೆ. ಎರಡನ್ನೂ ಒಂದೇ ಕ್ಷಣಕ್ಕೆ ಹೊಂದಿಸಿ, ಒಂದರ ಧ್ವನಿ ಅಲೆಯನ್ನು ತಲೆಕೆಳಗು ಮಾಡಿ ಕೂಡಿಸಿದರೆ ಸಮಾನವಾದದ್ದೆಲ್ಲ ಅಳಿದುಹೋಗಿ, ಸಾಫ್ಟ್‌ವೇರ್ ಎಸೆದದ್ದು ಮಾತ್ರ ಉಳಿಯುತ್ತದೆ. ಆ ಉಳಿಕೆಯನ್ನು ಅವರಿಗೆ ಕೇಳಿಸಿದೆ. ಟೇಪಿನ ಸುಯ್ ಇತ್ತು, ನಿಜ. ಅದರೊಳಗೆ ಗಿಟಾರಿನ ಪ್ರತಿ ಮೀಟಿನ ಬಾಲ ಇತ್ತು, ತಂತಿಗೆ ಬೆರಳು ತಗಲುವ ಸದ್ದು ಇತ್ತು, ಡ್ರಮ್ಮಿನ ಮೇಲೆ ಮೆಲ್ಲಗೆ ಸವರಿದ ಕುಂಚದ ಸದ್ದು ಹೆಚ್ಚುಕಡಿಮೆ ಪೂರ್ತಿಯಾಗಿ ಇತ್ತು. ಕಸದ ಬುಟ್ಟಿಯಲ್ಲಿ ಹಾಡು ಕೂತಿತ್ತು. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಹೀಗೇಕಾಗುತ್ತದೆ ಎಂಬುದನ್ನು ಎಷ್ಟು ಸಲ ಹೇಳಿದರೂ ಮತ್ತೆ ಹೇಳಬೇಕಾಗುತ್ತದೆ. ಆದ್ದರಿಂದ ಇಲ್ಲಿ ನಿಧಾನವಾಗಿಯೇ ಬಿಡಿಸುತ್ತೇನೆ.

ಸಂಗೀತ ಯಾವುದು, ಸದ್ದು ಯಾವುದು ಎಂದು ಸಾಫ್ಟ್‌ವೇರ್‌ಗೆ ಗೊತ್ತಿಲ್ಲ. ಹಾಡಿಲ್ಲದ ಒಂದೆರಡು ಸೆಕೆಂಡಿನ ತುಣುಕನ್ನು ನೀವು ಅದಕ್ಕೆ ತೋರಿಸುತ್ತೀರಿ. ಯಾವ ಕಂಪನಾಂಕದಲ್ಲಿ ಎಷ್ಟು ಸುಯ್ ಇದೆ ಎಂದು ಅದು ಅಳೆದುಕೊಳ್ಳುತ್ತದೆ. ಆಮೇಲೆ ಆ ಮಟ್ಟಕ್ಕಿಂತ ಕೆಳಗೆ ಬಿದ್ದದ್ದನ್ನೆಲ್ಲ ತಗ್ಗಿಸುತ್ತ ಹೋಗುತ್ತದೆ. ಈಗ ಬ್ಯಾಂಜೊವನ್ನು ನೆನೆಯಿರಿ. ಅದರ ಒಡಲೆಂದರೆ ಬಿಗಿದ ಚರ್ಮ ಅಥವಾ ಪ್ಲಾಸ್ಟಿಕ್ ಹೊದಿಕೆಯ ಒಂದು ಪುಟ್ಟ ತಮಟೆ. ತಂತಿಯ ಶಕ್ತಿಯನ್ನು ಅದು ಕೂಡಲೇ ಗಾಳಿಗೆ ಚೆಲ್ಲಿಬಿಡುತ್ತದೆ. ಹಾಗಾಗಿ ಮೀಟು ಥಟ್ಟನೆ ಏರುತ್ತದೆ, ಥಟ್ಟನೆ ಇಳಿಯುತ್ತದೆ. ಇಳಿಯುವ ಆ ಬಾಲ ಕ್ಷಣಮಾತ್ರದಲ್ಲಿ ಟೇಪಿನ ಸುಯ್‌ಗಿಂತ ಕೆಳಗೆ ಹೋಗುತ್ತದೆ. ಕಿವಿಗೆ ಅದು ಸುಯ್‌ನ ಕೆಳಗೂ ಕೇಳುತ್ತದೆ, ಮನುಷ್ಯನ ಕಿವಿ ಅಷ್ಟು ದೊಡ್ಡದು. ಸಾಫ್ಟ್‌ವೇರ್ ಮಾತ್ರ ಅದನ್ನು ಕತ್ತರಿಸುತ್ತದೆ. ಉಳಿಯುವುದು ತುದಿಯ 'ಟಕ್' ಒಂದೇ. ಬ್ಲೂಗ್ರಾಸ್ ವೇಗದಲ್ಲಿ ಸೆಕೆಂಡಿಗೆ ಒಂಬತ್ತು ಹತ್ತು ಮೀಟು ಬೀಳುತ್ತವೆ. ಅಷ್ಟೂ ಬಾಲಗಳನ್ನು ಕತ್ತರಿಸಿದರೆ ಸಿಗುವುದು ಬೆರಳಚ್ಚು ಯಂತ್ರದ ಸದ್ದು.

ಕೆಲವರು ಇನ್ನೂ ಮುಂದೆ ಹೋಗಿ ಚಟಚಟ ತೆಗೆಯುವ ಸಾಧನವನ್ನೂ ಓಡಿಸುತ್ತಾರೆ. ಹಳೆಯ ಗ್ರಾಮಫೋನ್ ತಟ್ಟೆಯ ಗೀರಿಗೆಂದು ಮಾಡಿದ್ದು ಅದು. ತಟ್ಟನೆ ಏರಿ ತಟ್ಟನೆ ಇಳಿಯುವ ಯಾವುದನ್ನು ಕಂಡರೂ ಗೀರು ಎಂದು ತಿಳಿದು ಸವರಿಹಾಕುತ್ತದೆ. ಲೋಹದ ಉಗುರು ತೊಟ್ಟ ಬೆರಳು ಬ್ಯಾಂಜೊ ತಂತಿಯನ್ನು ಹೊಡೆಯುವುದು ಏನು? ತಟ್ಟನೆ ಏರಿ ತಟ್ಟನೆ ಇಳಿಯುವುದೇ. ಹೀಗೆ ಮೊದಲ ಸಾಧನ ಬಾಲವನ್ನು ತಿಂದರೆ ಎರಡನೆಯದು ತಲೆಯನ್ನು ತಿನ್ನುತ್ತದೆ.

ಮ್ಯಾಂಡೊಲಿನ್ನಿನ ಪಾಡು ಇನ್ನೂ ಕಷ್ಟ. ಸಾಂಪ್ರದಾಯಿಕ ಬ್ಲೂಗ್ರಾಸ್‌ನಲ್ಲಿ ಡ್ರಮ್ ಇರುವುದಿಲ್ಲ. ಆ ಕೆಲಸವನ್ನು ಮ್ಯಾಂಡೊಲಿನ್ ಮಾಡುತ್ತದೆ. ಎಲ್ಲ ತಂತಿಗಳನ್ನೂ ಒಟ್ಟಿಗೆ ಹೊಡೆದು, ನಾದ ಹೊರಡುವ ಮುನ್ನವೇ ಎಡಗೈ ಸಡಿಲಿಸಿ ಅದನ್ನು ಅಡಗಿಸುತ್ತಾರೆ. ಈ ಹೊಡೆತಕ್ಕೆ ಅವರು 'ಚಾಪ್' ಎನ್ನುತ್ತಾರೆ. ಮೃದಂಗದ ಚಾಪಿಗೂ ಇದಕ್ಕೂ ಹೆಸರಿನ ನಂಟು ಇಲ್ಲ, ಆದರೂ ಮೊದಲ ಸಲ ಈ ಪದ ಕೇಳಿದಾಗ ನನಗೆ ಊರಿನ ರಾಮನವಮಿ ಚಪ್ಪರ ನೆನಪಾಯಿತು. ಯಂತ್ರಕ್ಕೆ ಈ ಚಾಪ್ ಶುದ್ಧ ಗದ್ದಲ. ಅದರಲ್ಲಿ ಹಿಡಿಯಲು ಸ್ವರವೇ ಇಲ್ಲ. ಅದನ್ನು ಅಳಿಸಿದರೆ ತಂಡದ ಲಯ ಹೋಗುತ್ತದೆ, ಐವರು ಐದು ದಿಕ್ಕಿಗೆ ನಡೆದಂತೆ ಕೇಳುತ್ತದೆ. ನಮ್ಮವರಿಗೆ ನಾನು ಇನ್ನೊಂದು ಬಗೆಯಲ್ಲಿ ಹೇಳುತ್ತೇನೆ: ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಜೀವಾಳದ ದಾರ ಇಡುತ್ತಾರಲ್ಲ, ಆ ದಾರದಿಂದ ಏಳುವ ಝೇಂಕಾರವನ್ನು ಈ ಯಂತ್ರ ದೋಷವೆಂದೇ ಲೆಕ್ಕ ಹಾಕುತ್ತದೆ. ಅಕ್ಕಿಯಲ್ಲಿನ ಕಲ್ಲನ್ನು ಆರಿಸಬಹುದು. ಸಾರಿಗೆ ಬಿದ್ದ ಉಪ್ಪನ್ನು ಆರಿಸಲಾಗುವುದಿಲ್ಲ.

ವಿದ್ಯುತ್ ಗಿಟಾರಿಗೆ ಈ ಅಪಾಯ ಕಡಿಮೆ. ಅದರ ನಾದ ಎಳೆದು ನಿಲ್ಲುತ್ತದೆ, ಸುಯ್ಯನ್ನು ತಾನೇ ಮುಚ್ಚುತ್ತದೆ. ಅದರ ಮೇಲೆ ಒಳ್ಳೆಯ ಫಲ ಕೊಟ್ಟ ವಿಧಾನವನ್ನು ಅದೇ ಕ್ಯಾಸೆಟ್ಟಿನ ಇನ್ನೊಂದು ಬದಿಯ ಅಕೌಸ್ಟಿಕ್ ಭಾಗಕ್ಕೂ ಓಡಿಸುವುದರಿಂದಲೇ ಅರ್ಧ ಅನಾಹುತ ಆಗುತ್ತದೆ.

ಹಾಗಾದರೆ ಈ ತಂಡದ ಒಳ್ಳೆಯ ಅಕೌಸ್ಟಿಕ್ ಮುದ್ರಣಗಳು ಇಷ್ಟು ಸ್ವಚ್ಛವಾಗಿ ಕೇಳುವುದು ಹೇಗೆ ಎಂದು ಕೇಳುತ್ತಾರೆ. ಅವು ಮುದ್ರಣವಾದ ಕ್ಷಣದಲ್ಲೇ ಸ್ವಚ್ಛವಾಗಿದ್ದವು. ಇದಕ್ಕೆ ನಾನು ಯಾವಾಗಲೂ ತೋರಿಸುವುದು 'ಓಲ್ಡ್ ಅಂಡ್ ಇನ್ ದ ವೇ' ತಂಡದ ಮುದ್ರಣ. ಗ್ರೇಟ್‌ಫುಲ್ ಡೆಡ್‌ನ ಜೆರ್ರಿ ಗಾರ್ಸಿಯಾ 1973ರಲ್ಲಿ ವಿದ್ಯುತ್ ಗಿಟಾರು ಬದಿಗಿಟ್ಟು ಬ್ಯಾಂಜೊ ಹಿಡಿದ ತಂಡವದು. ಮ್ಯಾಂಡೊಲಿನ್ ಡೇವಿಡ್ ಗ್ರಿಸ್ಮನ್, ಗಿಟಾರು ಪೀಟರ್ ರೋವನ್, ಪಿಟೀಲು ವಾಸರ್ ಕ್ಲೆಮೆಂಟ್ಸ್, ಬೇಸ್ ಜಾನ್ ಕಾನ್. ರೋವನ್ ಮತ್ತು ಕ್ಲೆಮೆಂಟ್ಸ್ ಇಬ್ಬರೂ ಬ್ಲೂಗ್ರಾಸ್‌ನ ಮೂಲಪುರುಷ ಬಿಲ್ ಮನ್ರೋ ಜೊತೆ ನುಡಿಸಿದವರು. ಆ ವರ್ಷದ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೋರ್ಡಿಂಗ್ ಹೌಸ್ ಎಂಬ ಪುಟ್ಟ ಸಭಾಂಗಣದಲ್ಲಿ ಗ್ರೇಟ್‌ಫುಲ್ ಡೆಡ್‌ನ ಧ್ವನಿ ನಿಭಾಯಿಸಿದ್ದ ಔಸ್ಲಿ ಸ್ಟ್ಯಾನ್ಲಿ ಈ ತಂಡವನ್ನು ಮುದ್ರಿಸಿದ. ಎಂಟು ಮೈಕುಗಳು, ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಅಲ್ಲೇ ಬೆರೆಸಿ ನೇರವಾಗಿ ಎರಡು ಹಾದಿಯ ನಾಗ್ರಾ ಯಂತ್ರಕ್ಕೆ ಇಳಿಸಿದ. ಆಮೇಲೆ ಪಿಟೀಲು ಜಾಸ್ತಿ ಮಾಡುವುದು, ಬ್ಯಾಂಜೊ ಕಡಿಮೆ ಮಾಡುವುದು ಸಾಧ್ಯವೇ ಇರಲಿಲ್ಲ. ಪ್ರಮಾಣ ನಿಂತದ್ದು ನುಡಿಸುವವರ ಕೈಯಲ್ಲಿ, ಮೈಕು ಇಟ್ಟವನ ಕಿವಿಯಲ್ಲಿ. 1975ರಲ್ಲಿ ಬಂದ ಆ ತಟ್ಟೆಯನ್ನು ಕೇಳಿ. ಕೇಳುಗರ ಕೂಗು, ಚಪ್ಪಾಳೆ ಎಲ್ಲವೂ ಇವೆ. ಆ ಸಭಾಂಗಣ ಎಷ್ಟು ಚಿಕ್ಕದೆಂದು ತಿಳಿಯುವುದು ಅವುಗಳಿಂದಲೇ. ಬ್ಯಾಂಜೊ ಎಷ್ಟು ಹತ್ತಿರವಿದೆ ಎಂದು ಕಿವಿ ಅಂದಾಜು ಮಾಡುವುದೂ ಅವುಗಳಿಂದಲೇ.

ಔಸ್ಲಿ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ತಾನು ಧ್ವನಿ ನಿಭಾಯಿಸಿದ ಕಛೇರಿಗಳನ್ನು ಆತ ದಿನಚರಿಯಂತೆ ಟೇಪಿಗೆ ಇಳಿಸಿಡುತ್ತಿದ್ದ, ಮಾರುವುದಕ್ಕಲ್ಲ, ಮರುದಿನ ಕೇಳಿ ತನ್ನ ತಪ್ಪು ತಿದ್ದಿಕೊಳ್ಳುವುದಕ್ಕೆ. 1970ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್‌ನಲ್ಲಿ ಹಾಗೆ ಇಳಿಸಿಟ್ಟದ್ದರಿಂದಲೇ 1973ರಲ್ಲಿ 'ಬೇರ್ಸ್ ಚಾಯ್ಸ್' ಬಂತು. ಅದರ ಮೊದಲ ಬದಿ ಪೂರ್ತಿ ಅಕೌಸ್ಟಿಕ್. ಅದೇ 1970ರ ಮೇ 2ರಂದು ಬಿಂಗ್‌ಹ್ಯಾಮ್ಟನ್‌ನ ಹಾರ್ಪರ್ ಕಾಲೇಜಿನಲ್ಲಿ ನಡೆದ ಕಛೇರಿಯೂ ಅಕೌಸ್ಟಿಕ್ ಭಾಗದಿಂದಲೇ ತೊಡಗುತ್ತದೆ. ಅದು 1997ರಲ್ಲಿ 'ಡಿಕ್ಸ್ ಪಿಕ್ಸ್' ಮಾಲೆಯ ಎಂಟನೆಯ ಸಂಪುಟವಾಗಿ ಬಂದಿದೆ. ಈ ಎರಡು ಕಛೇರಿಗಳ ಐದನೆಯ ಆರನೆಯ ನಕಲನ್ನು ಹಿಡಿದು ಬರುವವರಿಗೆ, ನನಗೆ ಹಣ ಕೊಡುವ ಬದಲು ಆ ಪ್ರಕಟಣೆಯನ್ನೇ ಕೊಳ್ಳಿ ಎಂದು ಹೇಳಿ ಕಳುಹಿಸುತ್ತೇನೆ.

1980ರ ಮಾತು ಬೇರೆ. ತಂಡಕ್ಕೆ ಹದಿನೈದು ತುಂಬಿದ ವರ್ಷ. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 14ರ ನಡುವೆ ವಾರ್‌ಫೀಲ್ಡ್‌ನಲ್ಲಿ 15 ರಾತ್ರಿ, ಆಮೇಲೆ ನ್ಯೂ ಆರ್ಲಿಯನ್ಸ್‌ನಲ್ಲಿ 2, ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ 8. ಪ್ರತಿ ರಾತ್ರಿಯೂ ಮೊದಲು ಒಂದು ಅಕೌಸ್ಟಿಕ್ ಸುತ್ತು, ಆಮೇಲೆ ಎರಡು ವಿದ್ಯುತ್ ಸುತ್ತು. ವಾರ್‌ಫೀಲ್ಡ್, ರೇಡಿಯೊ ಸಿಟಿಗಳ ಅಕೌಸ್ಟಿಕ್ ಸುತ್ತುಗಳಿಂದ ಆರಿಸಿ 1981ರಲ್ಲಿ 'ರೆಕನಿಂಗ್' ಎಂಬ ಜೋಡಿ ತಟ್ಟೆ ಹೊರಬಂತು. ನನಗೆ ಅತ್ಯಂತ ಪ್ರಿಯವಾದದ್ದು ಅದು. ಅಲ್ಲಿ ಗಾರ್ಸಿಯಾ ಬ್ಯಾಂಜೊ ನುಡಿಸುವುದಿಲ್ಲ, ಗಿಟಾರು ನುಡಿಸುತ್ತಾನೆ. ಫಿಲ್ ಲೆಶ್ ಕೈಯಲ್ಲಿರುವುದು ವಿದ್ಯುತ್ ಬೇಸ್. ಇಬ್ಬರು ಡ್ರಮ್ಮಿನವರೂ ಇದ್ದಾರೆ. ಆದ್ದರಿಂದ ಅದನ್ನು ಶಾಸ್ತ್ರಶುದ್ಧ ಬ್ಲೂಗ್ರಾಸ್ ಎಂದು ಹೇಳಲಾರೆ. ಆದರೂ ಗಾರ್ಸಿಯಾನ ಗಿಟಾರಿನಲ್ಲಿ ಬ್ಯಾಂಜೊ ಕಲಿತ ಕೈ ಕಾಣುತ್ತದೆ. ಪ್ರತಿ ಸ್ವರವೂ ಬಿಡಿಬಿಡಿಯಾಗಿ, ಮುತ್ತು ಪೋಣಿಸಿದಂತೆ ಬರುತ್ತದೆ. ಬಲಗೈಯ ನಡುಬೆರಳಿನ ಬಹುಭಾಗವನ್ನು ಬಾಲ್ಯದಲ್ಲೇ ಕೊಡಲಿ ಏಟಿಗೆ ಕಳೆದುಕೊಂಡವನ ಕೈ ಅದು. ಮೂರು ಬೆರಳಿನ ಬ್ಯಾಂಜೊ ಕಲಿಯಲು ಆ ಹುಡುಗ ಎಷ್ಟು ಕೂತಿರಬೇಕು ಎಂದು ನೆನೆದಾಗಲೆಲ್ಲ ನನ್ನ ಕೈ ಸುಮ್ಮನಾಗುತ್ತದೆ. ಕಲಿತದ್ದಷ್ಟೇ ಅಲ್ಲ, ರಾಕ್ ತಂಡ ಕಟ್ಟುವ ಮೊದಲು ಪಾಲೋ ಆಲ್ಟೋದ ಸಂಗೀತದ ಅಂಗಡಿಯೊಂದರಲ್ಲಿ ಕಲಿಸುತ್ತಲೂ ಇದ್ದ.

1964ರಲ್ಲಿ ಆತ ಸ್ಯಾಂಡಿ ರಾತ್‌ಮನ್ ಎಂಬ ಗೆಳೆಯನ ಜೊತೆ ಕಾರಿನಲ್ಲಿ ದೇಶದ ಆ ಬದಿಗೆ ಹೊರಟ. ಕಾರಿನಲ್ಲಿ ಟೇಪ್ ರೆಕಾರ್ಡರ್ ಇತ್ತು. ಬಿಲ್ ಮನ್ರೋವಿನ ನೆಲೆಯಾದ ಇಂಡಿಯಾನದ ಬೀನ್ ಬ್ಲಾಸಮ್ ತನಕ ಹೋಗಿ ಬ್ಲೂಗ್ರಾಸ್ ಮುದ್ರಿಸಿಕೊಂಡು ಬಂದರು. ಅಂದರೆ ನನ್ನ ಮೇಜಿಗೆ ಕ್ಯಾಸೆಟ್ ತರುವ ಈ ಎಲ್ಲ ಜನರಿಗಿಂತ ಮೊದಲೇ ಗಾರ್ಸಿಯಾ ಸ್ವತಃ ಸಭಿಕರ ನಡುವೆ ಯಂತ್ರ ಹಿಡಿದು ಕೂತವನು. ಕೇಳುಗರು ಮುದ್ರಿಸಿಕೊಳ್ಳಲಿ ಎಂದು ಬಿಟ್ಟ ಅವನ ಉದಾರತೆಯ ಬೇರು ಅಲ್ಲಿದೆ ಎಂಬುದು ನನ್ನ ಎಣಿಕೆ. ಆ ರಾತ್‌ಮನ್ 1987ರಲ್ಲಿ ಗಾರ್ಸಿಯಾನ ಅಕೌಸ್ಟಿಕ್ ತಂಡದಲ್ಲಿ ಮತ್ತೆ ಜೊತೆಯಾದ. 'ಆಲ್ಮೋಸ್ಟ್ ಅಕೌಸ್ಟಿಕ್' ಎಂಬ ತಟ್ಟೆ ಆ ವರ್ಷದ ಕಛೇರಿಗಳದ್ದು. ಇಪ್ಪತ್ತಮೂರು ವರ್ಷದ ಹಿಂದೆ ಒಂದೇ ಕಾರಿನಲ್ಲಿ ಹೋದವರು ಅಲ್ಲಿ ಒಟ್ಟಿಗೆ ನುಡಿಸುತ್ತಿದ್ದಾರೆ ಎಂದು ತಿಳಿದು ಕೇಳಿದರೆ ಅದರ ರುಚಿಯೇ ಬೇರೆ.

ನಾನು ಏನನ್ನೂ ಸರಿಪಡಿಸುವುದೇ ಇಲ್ಲ ಎಂದು ತಿಳಿಯಬೇಡಿ. ಸರಿಪಡಿಸಬೇಕಾದದ್ದು ಬೇರೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಮುದ್ರಿಸಿದ ಯಂತ್ರದಲ್ಲಿ ಟೇಪಿಗೆ ತಾಗುವ ತಲೆ (ಹೆಡ್) ಕೂದಲೆಳೆಯಷ್ಟು ವಾಲಿದ್ದರೆ ನನ್ನ ಯಂತ್ರದ ತಲೆಯನ್ನೂ ಅಷ್ಟೇ ವಾಲಿಸಬೇಕು. ಇದೊಂದರಿಂದಲೇ ಸತ್ತಂತಿದ್ದ ಮ್ಯಾಂಡೊಲಿನ್ ಎದ್ದು ಕೂರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಡಾಲ್ಬಿ (ಟೇಪಿನ ಸುಯ್ ತಗ್ಗಿಸುವ ವ್ಯವಸ್ಥೆ) ಹಾಕಿ ಮುದ್ರಿಸಿದ್ದೋ ಇಲ್ಲವೋ ಎಂಬುದನ್ನು ಚೀಟಿ ನಂಬದೆ ಕಿವಿಯಿಂದ ನಿರ್ಧರಿಸಬೇಕು. ಎಲ್ಲಕ್ಕಿಂತ ಮುಖ್ಯ ವೇಗ. ಬ್ಯಾಟರಿ ಕುಗ್ಗಿದ ಯಂತ್ರ ನಿಧಾನವಾಗಿ ಮುದ್ರಿಸಿರುತ್ತದೆ, ಸರಿಯಾದ ಯಂತ್ರದಲ್ಲಿ ಹಾಕಿದಾಗ ಶ್ರುತಿ ಏರಿರುತ್ತದೆ. ಬ್ಲೂಗ್ರಾಸ್‌ನವರು ತಂತಿಗಳಿಗೆ ಪಟ್ಟಿ ಬಿಗಿದು ಶ್ರುತಿ ಏರಿಸಿಕೊಳ್ಳುವುದು ವಾಡಿಕೆ. ಹಾಗಾಗಿ ಏರಿದ್ದು ಪಟ್ಟಿಯಿಂದಲೋ ವೇಗದಿಂದಲೋ ಎಂದು ವಾದ್ಯ ಕೇಳಿ ಹೇಳುವುದು ಕೆಲವೊಮ್ಮೆ ಕಷ್ಟ. ಆಗ ನಾನು ಹುಡುಕುವುದು ಸಭಾಂಗಣದ ವಿದ್ಯುತ್ ಸಲಕರಣೆಗಳ ಗುಂಯ್ ಸದ್ದನ್ನು. ಅಮೆರಿಕದಲ್ಲಿ ಅದು 60 ಹರ್ಟ್ಸ್ ಇರಬೇಕು. ನಕಲು ಮಾಡಿದ ಯಂತ್ರದ ಗುಂಯ್ ಕೂಡ ಸೇರಿಕೊಂಡಿದ್ದರೆ ಎರಡು ಸಿಗುತ್ತವೆ, ಯಾವುದು ಯಾವುದೆಂದು ಬೇರ್ಪಡಿಸಲು ಅರ್ಧ ದಿನ ಹಿಡಿಯುತ್ತದೆ. ನೀವು ತೆಗೆದುಬಿಡಿ ಎನ್ನುವ ಆ ಗುಂಯ್ ನನಗೆ ಅಳತೆಗೋಲು. ಮೊದಲೇ ತೊಳೆದು ತಂದರೆ ನನ್ನ ಕೈಯಲ್ಲಿ ಅಳತೆಗೋಲೂ ಇಲ್ಲ.

ಮಾತಿನ ಮುದ್ರಣ ಬೇರೆ, ಅಲ್ಲಿ ಸುಯ್ ತಗ್ಗಿಸಬಹುದು. ಮೈಕಿಗೆ ಯಾರದೋ ಮೊಣಕೈ ತಾಗಿದ ಒಂದೇ ಒಂದು ಢಬ್ ಎಂಬುದನ್ನು ಕೈಯಿಂದ, ಕಣ್ಣಿಟ್ಟು ತಿದ್ದಬಹುದು. ನನ್ನ ವಿನಂತಿ ಇಷ್ಟು: ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ, ತೊಳೆಯದ ಕಡತ ಒಂದನ್ನು ಯಾವಾಗಲೂ ಉಳಿಸಿಕೊಳ್ಳಿ.

ಆ ಅಂಚೆಯವರ ಕ್ಯಾಸೆಟ್ ಈಗಲೂ ನನ್ನ ಬಳಿ ಇದೆ. ಅದರ ಗುಂಯ್ 61.3 ಹರ್ಟ್ಸ್‌ನಲ್ಲಿ ಸಿಕ್ಕಿತು, ಅಂದರೆ ಶೇಕಡ ಎರಡರಷ್ಟು ವೇಗ. ನಿನ್ನೆ ರಾತ್ರಿ ವೇಗ ಇಳಿಸಿದೆ, ತಲೆಯ ವಾಲು ಸರಿ ಮಾಡಿದೆ. ಸುಯ್ ಇದ್ದಷ್ಟೇ ಇದೆ. ಮೂರನೆಯ ಹಾಡಿನ ನಡುವೆ ಪಕ್ಕದಲ್ಲಿ ಯಾರೋ ಎರಡು ಸಲ ಕೆಮ್ಮುತ್ತಾರೆ, ಅದನ್ನೂ ಬಿಟ್ಟಿದ್ದೇನೆ. ಗಿಟಾರಿನ ಬಾಲಗಳು ಪೂರ್ತಿ ಕೇಳುತ್ತಿವೆ. ಶನಿವಾರ ಬಂದು ಒಯ್ಯುತ್ತಾರೆ.