ಒಳ್ಳೆಯ ಮಾತನ್ನು ಹಾಡಿಗೆ ಬಿಟ್ಟುಕೊಡಿ

ಮ್ಯೂಸಿಕಲ್, ಅಂದರೆ ಮಾತು ಹಾಡು ಎರಡರಲ್ಲೂ ಕಥೆ ಹೇಳುವ ನಾಟಕ, ಬರೆಯಲು ಹೊರಟ ಹೊಸಬರು ಓದಿ ನೋಡಿ ಎಂದು ಕಳಿಸುವ ಸ್ಕ್ರಿಪ್ಟ್‌ಗಳಲ್ಲಿ ಒಂದು ತಪ್ಪು ಪದೇ ಪದೇ ಕಾಣುತ್ತದೆ. ಪಾತ್ರ ಒಂದು ಪುಟ ಪೂರ್ತಿ ತನ್ನ ದುಃಖ ಹೇಳಿಕೊಳ್ಳುತ್ತದೆ. ಆಮೇಲೆ ಎದ್ದು ನಿಂತು ಅದೇ ದುಃಖವನ್ನು ಹಾಡುತ್ತದೆ. ಎರಡನ್ನೂ ಚೆನ್ನಾಗಿಯೇ ಬರೆದಿರುತ್ತಾರೆ. ಆದರೆ ಮಾತಿನಲ್ಲೇ ವಿಷಯ ಮುಗಿದುಹೋದ ಮೇಲೆ ಹಾಡಿಗೇನು ಕೆಲಸ? ಅದು ಮುಗಿಯಲಿ ಅಂತ ಪ್ರೇಕ್ಷಕರು ಸುಮ್ನೆ ಕಾಯುತ್ತಾರೆ, ಅಷ್ಟೇ.

ಮ್ಯೂಸಿಕಲ್‌ನ ಬರವಣಿಗೆಯಲ್ಲಿ ಎರಡು ಕೆಲಸಗಳಿವೆ. ಹಾಡಿನ ಸಾಹಿತ್ಯ ಬರೆಯುವವರು ಲಿರಿಸಿಸ್ಟ್. ಕಥೆಯ ಕಟ್ಟು, ದೃಶ್ಯಗಳ ಕ್ರಮ, ಆಡುವ ಮಾತು, ಯಾರು ಯಾವಾಗ ಹಾಡಬೇಕು ಎಂಬ ಲೆಕ್ಕಾಚಾರ, ಇವೆಲ್ಲ ಸೇರಿ ‘ಬುಕ್’. ಅದನ್ನು ಬರೆಯುವವರು ಬುಕ್ ರೈಟರ್. ಎರಡನ್ನೂ ಒಬ್ಬರೇ ಮಾಡುವುದುಂಟು. 1943ರ ‘ಒಕ್ಲಹೋಮಾ!’ಗೆ ಆಸ್ಕರ್ ಹ್ಯಾಮರ್‌ಸ್ಟೈನ್ ಹಾಗೆ ಬರೆದರು. ‘ಫನ್ ಹೋಮ್’ಗೆ ಲೀಸಾ ಕ್ರಾನ್ ಬರೆದರು. ಬ್ರಾಡ್‌ವೇ, ಅಂದರೆ ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ ಶೋಗಳಿಗೆ ಕೊಡುವ ಟೋನಿ ಪ್ರಶಸ್ತಿಯಲ್ಲಿ ಬುಕ್‌ಗೆ ಬೇರೆ ಬಹುಮಾನವಿದೆ. ಲಿರಿಕ್ಸ್ ಮಾತ್ರ ಸಂಗೀತದ ಜೊತೆ ಸೇರಿ ‘ಸ್ಕೋರ್’ ಬಹುಮಾನಕ್ಕೆ ಹೋಗುತ್ತದೆ. ಕ್ರಾನ್ 2015ರಲ್ಲಿ ಬುಕ್‌ಗೂ ಗೆದ್ದರು, ಸಂಗೀತ ಬರೆದ ಕಂಪೋಸರ್ ಜೊತೆ ಸ್ಕೋರ್‌ಗೂ ಗೆದ್ದರು.

ಇಬ್ಬರಲ್ಲಿ ಜಾಸ್ತಿ ಬೈಸಿಕೊಳ್ಳುವವರು ಬುಕ್ ರೈಟರ್. ಶೋ ಗೆದ್ದರೆ ಜನ ಹಾಡು ಗುನುಗುತ್ತಾ ಮನೆಗೆ ಹೋಗುತ್ತಾರೆ. ಸೋತರೆ ‘ಹಾಡುಗಳೇನೋ ಚೆನ್ನಾಗಿವೆ, ಬುಕ್ ಸರಿಯಿಲ್ಲ’ ಎಂಬ ವಿಮರ್ಶೆ ಬರುತ್ತದೆ. ಇದು ಅನ್ಯಾಯ ಅನ್ನಿಸಿದರೂ ಅದಕ್ಕೆ ಕಾರಣವಿದೆ. ಒಳ್ಳೆಯ ಬುಕ್ ರೈಟರ್ ತನ್ನ ಅತ್ಯುತ್ತಮ ಸಾಲುಗಳನ್ನು ತಾನೇ ಕೈಯಾರೆ ಹಾಡಿಗೆ ಕೊಟ್ಟಿರುತ್ತಾನೆ. ಅವನ ಹೆಸರಿಗೆ ಉಳಿಯುವುದು ಹಾಡಿನಿಂದ ಹಾಡಿಗೆ ದಾಟಿಸುವ ಚಿಕ್ಕ ಚಿಕ್ಕ ಮಾತು.

1957ರ ‘ವೆಸ್ಟ್ ಸೈಡ್ ಸ್ಟೋರಿ’ ಇದಕ್ಕೆ ಒಳ್ಳೆಯ ಪಾಠ. ಬುಕ್ ಆರ್ಥರ್ ಲಾರೆಂಟ್ಸ್ ಅವರದು, ಲಿರಿಕ್ಸ್ ಆಗ 27 ವರ್ಷದ ಸ್ಟೀಫನ್ ಸೋಂಡ್‌ಹೈಮ್ ಅವರದು, ಸಂಗೀತ ಲೆನರ್ಡ್ ಬರ್ನ್‌ಸ್ಟೈನ್ ಅವರದು. ನಾಯಕ ಟೋನಿಯ ಬಾಯಲ್ಲಿ ಲಾರೆಂಟ್ಸ್ ಒಂದು ಮಾತು ಇಟ್ಟಿದ್ದರು. ಏನೋ ಒಂದು ಬರಲಿದೆ, ರಸ್ತೆಯ ಮೂಲೆ ತಿರುಗಿದರೆ ಎದುರಾಗಬಹುದು ಎಂಬಂಥ ಮಾತು. ಅದನ್ನೇ ಎತ್ತಿಕೊಂಡು ಉಳಿದಿಬ್ಬರೂ ಟೋನಿಯ ಮೊದಲ ಹಾಡು ಮಾಡಿದರು. ಬುಕ್‌ನಿಂದ ಆ ಮಾತು ಹೋಯಿತು. ಕೊನೆಯ ದೃಶ್ಯದಲ್ಲಿ ಇದಕ್ಕೆ ಉಲ್ಟಾ ಆಯಿತು. ನಾಯಕಿ ಮರಿಯಾ ಪಿಸ್ತೂಲು ಹಿಡಿದು ಆಡುವ ಮಾತನ್ನು ಲಾರೆಂಟ್ಸ್ ಬರೆದದ್ದು ಹಾಡಿಗೆ ಕಚ್ಚಾ ಸಾಹಿತ್ಯವಾಗಿ. ಬರ್ನ್‌ಸ್ಟೈನ್ ಪ್ರಯತ್ನಪಟ್ಟರೂ ಅದಕ್ಕೆ ಸಂಗೀತ ಕೂರಲಿಲ್ಲ. ಆದ್ದರಿಂದ ಅದು ಮಾತಾಗಿಯೇ ಉಳಿದುಕೊಂಡಿತು. ಅಲ್ಲಿ ಅವಳು ಹಾಡದೇ ಇರುವುದೇ ಎದೆಗೆ ನಾಟುತ್ತದೆ. ಬ್ರಾಡ್‌ವೇಯ ತೀರಾ ಚಿಕ್ಕ ಬುಕ್‌ಗಳಲ್ಲಿ ಇದೂ ಒಂದು ಎಂಬ ಹೆಸರಿದೆ. ನನ್ನ ಮಟ್ಟಿಗೆ ಅದು ಹೊಗಳಿಕೆಯೇ.

ಭಾವ ಮಾತಿಗೆ ನಿಲುಕದಾಗ ಪಾತ್ರ ಹಾಡುತ್ತದೆ ಎಂದು ಈ ರಂಗದಲ್ಲಿ ಎಲ್ಲರೂ ಹೇಳುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ದುಃಖ ಜಾಸ್ತಿಯಾದಾಗ ಎಷ್ಟೋ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ, ಅಲ್ವಾ? ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಈ ಪಾತ್ರಕ್ಕೆ ಈಗ ಏನು ಬೇಕು? ಹಾಡು ಮುಗಿಯುವಷ್ಟರಲ್ಲಿ ಅದು ಒಂದು ಹೆಜ್ಜೆಯಾದರೂ ಹತ್ತಿರ ಬಂತಾ, ದೂರ ಹೋಯಿತಾ? ಎರಡೂ ಆಗದಿದ್ದರೆ ಹಾಡು ಎಷ್ಟೇ ಚೆಂದವಿದ್ದರೂ ಕಿತ್ತುಹಾಕಬೇಕಾಗುತ್ತದೆ. ಮೊದಲ ಅರ್ಧ ಗಂಟೆಯೊಳಗೆ ಮುಖ್ಯ ಪಾತ್ರ ತನಗೇನು ಬೇಕೆಂದು ಹಾಡುವ ‘ಐ ವಾಂಟ್’ ಸಾಂಗ್ ಬಹುತೇಕ ಎಲ್ಲ ಶೋಗಳಲ್ಲೂ ಇರುವುದು ಇದಕ್ಕೇ.

ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ಮಗಳು ತೀರಿಕೊಂಡ ತಂದೆಯ ಅಂಗಡಿ ಮಾರುತ್ತಿದ್ದಾಳೆ. ಕೊಳ್ಳುವವನು ಕಾಗದಪತ್ರ ಹರಡಿಕೊಂಡು ಕೂತಿದ್ದಾನೆ. ಬುಕ್‌ನ ಮೊದಲ ಕರಡಿನಲ್ಲಿ ಅವಳಿಗೆ ಅರ್ಧ ಪುಟದ ಮಾತಿದೆ. ಅಪ್ಪ ಬೆಳಿಗ್ಗೆ ಎದ್ದು ಬಾಗಿಲು ತೆಗೆಯುತ್ತಿದ್ದುದು, ಸಾಲ ಕೊಟ್ಟು ಕೇಳದೇ ಇದ್ದುದು, ತನಗೆ ಈ ವ್ಯಾಪಾರ ಕೈಹತ್ತದೇ ಹೋದದ್ದು. ಇನ್ನು ಹಾಡಿನ ಮೊದಲ ಕರಡು ಹೀಗೆ ಶುರುವಾಗುತ್ತದೆ:

ಅಪ್ಪಾ, ನಿನ್ನ ನೆನಪು ಎದೆಯ ತುಂಬಿದೆ
ಈ ಜಾಗವ ಬಿಡಲು ಮನಸು ಅಂಜಿದೆ

ಇದರಲ್ಲಿ ತಪ್ಪಿಲ್ಲ. ಆದರೆ ಯಾರು ಬೇಕಾದರೂ, ಯಾವ ಅಂಗಡಿಯಲ್ಲಿ ಬೇಕಾದರೂ ನಿಂತು ಹಾಡಬಹುದು. ‘ತುಂಬಿದೆ – ಅಂಜಿದೆ’ ಪ್ರಾಸವೂ ಬಿಟ್ಟಿ ಸಿಕ್ಕಿದ್ದು. ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬಂದು ಕೂರುವುದರಿಂದ ಇಂಥ ಪ್ರಾಸಕ್ಕೆ ಬರವಿಲ್ಲ. ಬಿಟ್ಟಿ ಸಿಕ್ಕಿದ ಪ್ರಾಸವನ್ನು ಕಿವಿ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಅಂಗಡಿಯೊಳಗೆ ಕಣ್ಣಾಡಿಸಬೇಕು. ಗಲ್ಲಾದ ಹಿಂದೆ ಒಂದು ಸ್ಟೂಲಿದೆ ಅಂತಿಟ್ಟುಕೊಳ್ಳಿ:

ಅಪ್ಪ ಕೂತಾಗ ಅಲುಗದ ಸ್ಟೂಲು
ನಾನು ಕೂತರೆ ಕುಣಿಸುತ್ತೆ ಕಾಲು

ಈಗ ದುಃಖ ಎಂಬ ಪದವೇ ಬೇಡ. ಅಪ್ಪನ ಜಾಗವನ್ನು ತಾನು ತುಂಬಲಾರೆ ಎಂಬುದು ಬಂತು. ಅದನ್ನು ಹೇಳುವಾಗ ಅವಳು ಸ್ವಲ್ಪ ನಗುತ್ತಾಳೆ ಎಂಬುದೂ ಬಂತು. ಮುಂದಿನ ಸಾಲುಗಳಿಗೆ ದಾರಿಯಾಯಿತು. ಹಾಡು ಇಷ್ಟನ್ನು ಹೊತ್ತುಕೊಂಡ ಮೇಲೆ ಆ ಅರ್ಧ ಪುಟದ ಮಾತು ಪೂರ್ತಿ ಹೋಗಬೇಕು. ಹಾಡು ಮುಗಿದ ತಕ್ಷಣ ಅವಳು ಆಡಬೇಕಾದದ್ದು ಎರಡೇ ಪದ: “ಪೆನ್ನು ಕೊಡಿ.” ಬುಕ್ ರೈಟರ್‌ನ ಜಾಣತನ ಇರುವುದು ಇಲ್ಲಿ. ಎರಡನೇ ಅಂಕದಲ್ಲಿ ಅಂಗಡಿ ಕೊಂಡವನು ಅದೇ ಸ್ಟೂಲಿನ ಮೇಲೆ ಕೂತು, ಕಾಲು ಕುಣಿದದ್ದಕ್ಕೆ ಬೆಚ್ಚಿ, ಅವೆರಡು ಸಾಲು ಗುನುಗುವ ಹಾಗೆ ಮಾಡಿದರೆ ಅದು ರಿಪ್ರೈಸ್. ಪದ ಹೆಚ್ಚುಕಮ್ಮಿ ಅವೇ, ಅರ್ಥ ಬೇರೆ. ರಿಪ್ರೈಸ್ ನೆನಪಿಸಿದರೆ ಸಾಲದು, ಮೊದಲ ಸಲ ಕೇಳಿದ್ದನ್ನು ತಿರುವಿಹಾಕಬೇಕು.

ಇನ್ನು ಲಿರಿಕ್ಸ್ ಮತ್ತು ಕವಿತೆ. ಕವಿತೆ ಓದುವವರು ಅರ್ಥವಾಗದಿದ್ದರೆ ಹಿಂದಿನ ಸಾಲಿಗೆ ಹೋಗುತ್ತಾರೆ. ರಂಗದ ಮುಂದೆ ಕೂತವರಿಗೆ ಆ ಸೌಲಭ್ಯವಿಲ್ಲ. ಒಂದೇ ಸಲ, ಕಂಪೋಸರ್ ಇಟ್ಟ ವೇಗದಲ್ಲಿ, ವಾದ್ಯಗಳ ನಡುವೆ, ಬೆಳಕು ಬದಲಾಗುತ್ತಿರುವಾಗ ಕೇಳಬೇಕು. ದಟ್ಟವಾಗಿ ಬರೆಯುವ ಒಳ್ಳೆಯ ಕವಿಗಳು ಇಲ್ಲಿ ಎಡವುವುದನ್ನು ನೋಡಿದ್ದೇನೆ. ಸಾಲಿನಲ್ಲಿ ಗಾಳಿ ಬೇಕು. ಉಳಿದದ್ದನ್ನು ಸಂಗೀತ ತುಂಬಿಕೊಳ್ಳುತ್ತದೆ.

ಪದ ಸ್ವರದ ಮೇಲೆ ಸರಿಯಾಗಿ ಕೂರಬೇಕು ಎಂಬುದಂತೂ ಮೊದಲ ನಿಯಮ. ಇಂಗ್ಲಿಷ್‌ನಲ್ಲಿ ಒತ್ತು ತಪ್ಪು ಅಕ್ಷರದ ಮೇಲೆ ಬಿದ್ದರೆ ಪದ ವಿಕಾರವಾಗಿ ಕೇಳುತ್ತದೆ. ಕನ್ನಡದಲ್ಲಿ ಹ್ರಸ್ವ ದೀರ್ಘ ಅದಲುಬದಲಾದರೆ ಪದವೇ ಬೇರೆಯಾಗಿಬಿಡುತ್ತದೆ. ನಾಯಕಿ ‘ನನ್ನ ಬಳೆ’ ಎಂದು ಕರುಣೆಯಿಂದ ಹಾಡುವಾಗ ಮೊದಲ ಅಕ್ಷರಕ್ಕೆ ಉದ್ದದ ಸ್ವರ ಬಿದ್ದರೆ ಹಿಂದಿನ ಸಾಲಿನವರಿಗೆ ಬಾಳೆ ಕೇಳುತ್ತದೆ. ಎತ್ತರದ ಸ್ವರದಲ್ಲಿ ‘ಆ’, ‘ಓ’ ಹಿಡಿದು ನಿಲ್ಲಿಸುವಷ್ಟು ಸುಲಭವಾಗಿ ‘ಈ’, ‘ಊ’ ನಿಲ್ಲಿಸಲು ಬಹಳ ಗಾಯಕರಿಗೆ ಆಗದು. ಹಾಡುವವರ ಉಸಿರೂ ನಿಮ್ಮ ಲೆಕ್ಕದಲ್ಲಿರಬೇಕು. 1973ರ ‘ಎ ಲಿಟಲ್ ನೈಟ್ ಮ್ಯೂಸಿಕ್’ನಲ್ಲಿ ನಟಿ ಗ್ಲಿನಿಸ್ ಜಾನ್ಸ್ ದನಿ ಇಂಪಾಗಿತ್ತು, ಆದರೆ ಸ್ವರ ಹಿಡಿದು ನಿಲ್ಲಿಸುವ ಶಕ್ತಿ ಇರಲಿಲ್ಲ. ಅದಕ್ಕೇ ಸೋಂಡ್‌ಹೈಮ್ ಅವರಿಗೆಂದು ತುಂಡು ತುಂಡು ಸಾಲು, ಪುಟ್ಟ ಪುಟ್ಟ ಪ್ರಶ್ನೆ ಬರೆದರು. ಅವರು ಬರೆದ ಹಾಡುಗಳಲ್ಲೆಲ್ಲ ಅತಿ ಪ್ರಸಿದ್ಧವಾದದ್ದು ಅದೇ, ‘ಸೆಂಡ್ ಇನ್ ದ ಕ್ಲೌನ್ಸ್’.

ಪ್ರಾಸದ ಜಾಣತನ ಪಾತ್ರದ ಜಾಣತನವಾಗಿ ಕೇಳುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ‘ವೆಸ್ಟ್ ಸೈಡ್ ಸ್ಟೋರಿ’ಯ ಮರಿಯಾ ಈಗಷ್ಟೇ ಪೋರ್ಟರಿಕೋದಿಂದ ಬಂದ ಹುಡುಗಿ. ಅವಳು ಕನ್ನಡಿ ನೋಡಿ ಸಂಭ್ರಮಪಡುವ ಹಾಡಿನಲ್ಲಿ ಸೋಂಡ್‌ಹೈಮ್ ಒಳಪ್ರಾಸಗಳನ್ನು ಹೆಣೆದರು. ಆ ಹುಡುಗಿಯ ಬಾಯಿಗೆ ಇದು ಹೊಂದುವುದಿಲ್ಲ ಎಂದು ಗೆಳೆಯ, ಲಿರಿಸಿಸ್ಟ್ ಶೆಲ್ಡನ್ ಹಾರ್ನಿಕ್ ಎತ್ತಿ ತೋರಿಸಿದರು. ಸೋಂಡ್‌ಹೈಮ್ ಸರಳವಾಗಿ ತಿದ್ದಿ ಬರೆದರೂ ಜೊತೆಗಾರರು ಒಪ್ಪಲಿಲ್ಲ. ಆ ಹಾಡು ಕೇಳಿದಾಗಲೆಲ್ಲ ಮುಜುಗರವಾಗುತ್ತದೆ ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ಜನಕ್ಕೆ ಮಾತ್ರ ಅದು ಬಹಳ ಇಷ್ಟ.

ಮೊದಲು ಪದವೋ ಟ್ಯೂನೋ ಎಂದು ಎಲ್ಲರೂ ಕೇಳುತ್ತಾರೆ. ಎರಡೂ ನಡೆಯುತ್ತದೆ. ಕಂಪೋಸರ್ ರಿಚರ್ಡ್ ರಾಡ್ಜರ್ಸ್ ಒಬ್ಬರೇ ಸಾಕ್ಷಿ: ಲಿರಿಸಿಸ್ಟ್ ಲೊರೆಂಜ್ ಹಾರ್ಟ್ ಜೊತೆ ಸಾಮಾನ್ಯವಾಗಿ ಟ್ಯೂನ್ ಮೊದಲು, ಹ್ಯಾಮರ್‌ಸ್ಟೈನ್ ಜೊತೆ ಪದ ಮೊದಲು.

ಬರೆದು ಮುಗಿಸಿದರೆ ಕೆಲಸ ಮುಗಿಯಿತು ಅಂದುಕೊಂಡವರು ಈ ಕಸುಬಿಗೆ ಬರಬಾರದು. ಮೊದಲು ನಟರನ್ನು ಕೂರಿಸಿ ರೀಡಿಂಗ್. ಅಮೆರಿಕದಲ್ಲಿ ನಟರ ಯೂನಿಯನ್ ನಿಯಮದಂತೆ ‘29 ಗಂಟೆಯ ರೀಡಿಂಗ್’ ಎಂಬುದೇ ಒಂದು ಪದ್ಧತಿ. ಒಟ್ಟು ಅಷ್ಟೇ ಗಂಟೆಗಳಲ್ಲಿ ಕಲಿತು, ಸ್ಟ್ಯಾಂಡ್ ಮುಂದೆ ನಿಂತು ಓದಿ ಹಾಡಿ ಮುಗಿಸಬೇಕು. ಆಮೇಲೆ ವರ್ಕ್‌ಶಾಪ್, ಬೇರೆ ಊರಿನಲ್ಲಿ ಆಡಿ ಪರೀಕ್ಷಿಸುವ ಟ್ರೈಔಟ್, ಅಧಿಕೃತ ಉದ್ಘಾಟನೆಗೆ ಮುಂಚೆ ಪ್ರೇಕ್ಷಕರ ಮುಂದೆ ಆಡುವ ಪ್ರಿವ್ಯೂ. ಪ್ರಿವ್ಯೂ ದಿನಗಳಲ್ಲಿ ರಾತ್ರಿ ಶೋ ನೋಡಿ, ಬೆಳಗಿನ ಜಾವದವರೆಗೆ ತಿದ್ದಿ, ಮಧ್ಯಾಹ್ನ ನಟರ ಕೈಗೆ ಹೊಸ ಪುಟ ಕೊಡುತ್ತಾರೆ. ‘ಹ್ಯಾಮಿಲ್ಟನ್’ನ ಮೊದಲ ಹಾಡನ್ನು ಲಿನ್-ಮ್ಯಾನುಯೆಲ್ ಮಿರಾಂಡಾ ಶ್ವೇತಭವನದಲ್ಲಿ ಹಾಡಿದ್ದು 2009ರಲ್ಲಿ, ಶೋ ಬ್ರಾಡ್‌ವೇಗೆ ಬಂದದ್ದು 2015ರಲ್ಲಿ. ಇದು ಅಪರೂಪದ ನಿಧಾನವೇನೂ ಅಲ್ಲ.

1962ರಲ್ಲಿ ‘ಎ ಫನ್ನಿ ಥಿಂಗ್ ಹ್ಯಾಪನ್ಡ್ ಆನ್ ದ ವೇ ಟು ದ ಫೋರಮ್’ ವಾಷಿಂಗ್ಟನ್‌ನ ಟ್ರೈಔಟ್‌ನಲ್ಲಿ ನೆಲಕಚ್ಚುತ್ತಿತ್ತು. ಸಹಾಯಕ್ಕೆ ಕರೆಸಿದ ನಿರ್ದೇಶಕ, ನೃತ್ಯ ಸಂಯೋಜಕ ಜೆರೋಮ್ ರಾಬಿನ್ಸ್ ಶೋ ನೋಡಿ ದೋಷವೆಲ್ಲ ಮೊದಲ ಹಾಡಿನಲ್ಲಿದೆ ಎಂದರು. ಆ ಹಾಡು ಮೆದುವಾಗಿ, ಮುದ್ದಾಗಿತ್ತು. ಇದು ಬಿದ್ದು ಬಿದ್ದು ನಗಿಸುವ ಪ್ರಹಸನ ಎಂಬ ಸುಳಿವೇ ಅದರಲ್ಲಿರಲಿಲ್ಲ. ಸೋಂಡ್‌ಹೈಮ್ ಹೊಸ ಹಾಡು ಬರೆದರು: ಇವತ್ತು ರಾತ್ರಿ ನಿಮಗೆ ಹಾಸ್ಯ ಸಿಗುತ್ತದೆ ಎಂದು ನೇರವಾಗಿ ಹೇಳುವ ಹಾಡು. ಶೋ ಗೆದ್ದಿತು. ಯಾವುದೋ ದೃಶ್ಯ ಸಪ್ಪೆ ಎನ್ನಿಸಿದರೆ ನಾನು ಅದನ್ನು ತಿದ್ದುವ ಮೊದಲು ಆರಂಭದ ಹತ್ತು ನಿಮಿಷಕ್ಕೆ ಹಿಂದಿರುಗಿ ನೋಡುತ್ತೇನೆ. ಅಲ್ಲಿ ನಾವು ಕೊಟ್ಟ ಮಾತು ಬೇರೆ, ಇಲ್ಲಿ ಬಡಿಸುತ್ತಿರುವುದು ಬೇರೆ ಆಗಿರುತ್ತದೆ.

ಕಲಿಯುವ ದಾರಿ? ಹ್ಯಾಮರ್‌ಸ್ಟೈನ್ ಹುಡುಗ ಸೋಂಡ್‌ಹೈಮ್‌ಗೆ ನಾಲ್ಕು ಮ್ಯೂಸಿಕಲ್ ಬರೆಯಲು ಹೇಳಿದ್ದರು. ಮೆಚ್ಚಿದ ನಾಟಕವೊಂದರಿಂದ ಒಂದು. ಇಷ್ಟವಾದರೂ ದೋಷವಿರುವ ನಾಟಕದಿಂದ ಇನ್ನೊಂದು. ನಾಟಕವಲ್ಲದ ಕಥೆಯಿಂದ ಮೂರನೆಯದು. ನಾಲ್ಕನೆಯದು ಪೂರ್ತಿ ಸ್ವಂತದ್ದು. ಈಗಲೂ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಎರಡನೆಯದೇ ಜಾಸ್ತಿ ಕಲಿಸುತ್ತದೆ. ನ್ಯೂಯಾರ್ಕ್‌ನಲ್ಲಿ ಲೀಮನ್ ಎಂಗೆಲ್ 1961ರಲ್ಲಿ ಶುರುಮಾಡಿದ, ಸಂಗೀತದ ಹಕ್ಕುಗಳನ್ನು ನೋಡಿಕೊಳ್ಳುವ ಸಂಸ್ಥೆ ಬಿಎಂಐನ ಮ್ಯೂಸಿಕಲ್ ವರ್ಕ್‌ಶಾಪ್ ಇಂದಿಗೂ ನಡೆಯುತ್ತಿದೆ. ಇಂಥ ಕಡೆ ಪಾಠಕ್ಕಿಂತ ದೊಡ್ಡ ಲಾಭವೆಂದರೆ ಜೊತೆಗಾರ ಸಿಗುವುದು. ಕಂಪೋಸರ್ ಸಿಗದ ಲಿರಿಸಿಸ್ಟ್‌ಗೆ ಕೆಲಸವೇ ಇಲ್ಲ.

ದುಡ್ಡಿನ ವಿಚಾರ. ಶೋ ರಂಗಕ್ಕೆ ಬರುವವರೆಗೆ ಹೆಚ್ಚಿನವರು ಪಾಠ ಹೇಳಿಯೋ, ಟಿವಿಗೆ ಬರೆದೋ, ಹೋಟೆಲಿನಲ್ಲಿ ಕೆಲಸ ಮಾಡಿಯೋ ಬದುಕುತ್ತಾರೆ. ಆದರೆ ಒಂದು ವಿಷಯದಲ್ಲಿ ಹಾಲಿವುಡ್‌ನ ಚಿತ್ರಕಥೆಗಾರರಿಗಿಂತ ಇವರು ಅದೃಷ್ಟವಂತರು. ಅಲ್ಲಿ ಸಾಮಾನ್ಯವಾಗಿ ಬರೆದದ್ದು ಸ್ಟುಡಿಯೋದ ಸ್ವತ್ತು. ಅಮೆರಿಕದ ರಂಗಭೂಮಿಯಲ್ಲಿ ಕಾಪಿರೈಟ್ ಬರೆದವರದ್ದೇ. ನಿರ್ಮಾಪಕರಿಗೆ ಸಿಗುವುದು ಆಡಿಸುವ ಅನುಮತಿ ಮಾತ್ರ. ರಂಗಲೇಖಕರ ಸಂಘಟನೆ ಡ್ರಮಾಟಿಸ್ಟ್ಸ್ ಗಿಲ್ಡ್‌ನ ಒಪ್ಪಂದದಲ್ಲಿ ಲೇಖಕರ ಒಪ್ಪಿಗೆ ಇಲ್ಲದೆ ಒಂದು ಸಾಲನ್ನೂ ಬದಲಿಸುವಂತಿಲ್ಲ. ಇದಕ್ಕೆ ತೆರುವ ಬೆಲೆಯೂ ಇದೆ: ಉದ್ಯೋಗಿಗಳಲ್ಲದ್ದರಿಂದ ಯೂನಿಯನ್ ಕಟ್ಟುವಂತಿಲ್ಲ, ಗಿಲ್ಡ್ ಬರೀ ಒಂದು ಸಂಘ. ಅದರ 1985ರ ಮಾದರಿ ಒಪ್ಪಂದದ ಪ್ರಕಾರ, ಹಾಕಿದ ಬಂಡವಾಳ ವಾಪಸ್ ಬರುವವರೆಗೆ ಲೇಖಕರೆಲ್ಲರಿಗೂ ಸೇರಿ ಟಿಕೆಟ್ ಗಳಿಕೆಯ ಶೇ. 4.5, ಆಮೇಲೆ ಶೇ. 6. ವಾಡಿಕೆಯಂತೆ ಬುಕ್, ಲಿರಿಕ್ಸ್, ಸಂಗೀತಕ್ಕೆ ಮೂರು ಪಾಲು. ಎರಡು ಕೆಲಸ ಮಾಡಿದವರಿಗೆ ಎರಡು ಪಾಲು. ಬ್ರಾಡ್‌ವೇಯಲ್ಲಿ ನಷ್ಟವಾದ ಶೋ ಕೂಡ ಶಾಲೆ ಕಾಲೇಜು, ಹವ್ಯಾಸಿ ತಂಡಗಳಿಗೆ ಲೈಸೆನ್ಸ್ ಆಗುತ್ತಾ ವರ್ಷಾನುಗಟ್ಟಲೆ ಅಷ್ಟಿಷ್ಟು ತರುತ್ತಿರಬಹುದು.

ಹಾಗಾಗಿ ಸಾಲುಗಳನ್ನು ಧಾರಾಳವಾಗಿ ಬಿಟ್ಟುಕೊಡಿ, ಹಕ್ಕಿನ ಪತ್ರದಲ್ಲಿ ಮಾತ್ರ ಜಿಪುಣರಾಗಿ. ‘ರೆಂಟ್’ ಬರೆದ ಜೊನಾಥನ್ ಲಾರ್ಸನ್ 1996ರ ಜನವರಿಯಲ್ಲಿ, ಮೊದಲ ಪ್ರಿವ್ಯೂಗೆ ಮುಂಚೆಯೇ ತೀರಿಕೊಂಡರು. ಸ್ಕ್ರಿಪ್ಟ್ ತಿದ್ದಲು ನೆರವಾಗಿದ್ದ ಡ್ರಾಮಾಟರ್ಗ್ ತಾನೂ ಸಹಲೇಖಕಿ ಎಂದು ಕೋರ್ಟಿಗೆ ಹೋದರು. ಅವರ ಕೊಡುಗೆ ಇದ್ದದ್ದು ನಿಜವಾದರೂ, ಸಹಲೇಖಕರಾಗಬೇಕೆಂಬ ಉದ್ದೇಶ ಇಬ್ಬರಿಗೂ ಇರಬೇಕು ಎಂದು 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ವಾದವನ್ನು ತಳ್ಳಿಹಾಕಿತು. ಕಾದಂಬರಿ ಆಧರಿಸಿ ಬರೆಯುವುದಾದರೆ ಮೊದಲ ಹಾಡಿಗೂ ಮುಂಚೆ ಅದರ ಹಕ್ಕು ಕೇಳಿಕೊಳ್ಳಿ. ಜೊತೆಗಾರರೊಂದಿಗೆ ಬರೆದುಕೊಳ್ಳುವ ಪತ್ರದಲ್ಲಿ ಯಾರ ಹೆಸರು ಎಲ್ಲಿ, ಪಾಲು ಎಷ್ಟು, ಒಬ್ಬರು ಬಿಟ್ಟುಹೋದರೆ ಏನು ಎಂಬುದಿರಲಿ. ಬುಕ್, ಲಿರಿಕ್ಸ್, ಸಂಗೀತದ ಹಕ್ಕುಗಳು ಬೇರ್ಪಡಿಸಲಾಗದ ಹಾಗೆ ಒಂದಾಗುವುದು ಯಾವ ಹಂತದಲ್ಲಿ ಎಂಬುದೂ ಇರಲಿ. ಆ ಹಂತಕ್ಕೆ ಮುಂಚೆ ಜಗಳವಾದರೆ ಅವರವರು ಬರೆದದ್ದನ್ನು ಅವರವರು ವಾಪಸ್ ತೆಗೆದುಕೊಂಡು ಹೋಗಬಹುದು. ಇದಕ್ಕೆಲ್ಲ ಸಹಿ ಬೀಳಬೇಕಾದದ್ದು ಮೊದಲ ರೀಡಿಂಗ್‌ಗೆ ಮುಂಚೆ, ಎಲ್ಲರೂ ಇನ್ನೂ ಸ್ನೇಹಿತರಾಗಿರುವಾಗ.